ಮೆ ತೇಂಗ್, ಪಾಯ್, ಮೆ ವಾಂಗ್, ಫಾಂಗ್ ಙಾ: ನಾಲ್ಕು ದಿನದ ರಜೆಗೆ ಯಾವ ನದಿ?

ಕಳೆದ ವಾರ ತಂಗಿ ಫೋನ್ ಮಾಡಿದಳು. "ಅಕ್ಕ, ನಾಲ್ಕು ದಿನ ರಜೆ ಸಿಕ್ಕಿದೆ. ಥಾಯ್ಲೆಂಡ್‌ನಲ್ಲಿ ರಾಫ್ಟಿಂಗ್ ಮಾಡ್ಬೇಕು. ನೀನು ಹೋಗಿ ಬಂದಿದ್ದೀಯಲ್ಲ, ಯಾವ ನದಿ ಚೆನ್ನಾಗಿದೆ ಹೇಳು" ಅಂದಳು. ನಾನು "ಯಾವ ತಿಂಗಳು?" ಅಂತ ಕೇಳಿದೆ. ನದಿ ಹೆಸರು ಕೇಳಿದರೆ ತಿಂಗಳು ಕೇಳ್ತೀಯಲ್ಲ ಅಂತ ಅವಳಿಗೆ ಬೇಜಾರು. ಆದರೆ ಅಲ್ಲಿ ನಾಲ್ಕು ಕಡೆ ನೀರಿಗಿಳಿದು ಬಂದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದೊಂದೇ. ತಿಂಗಳು ಮೊದಲು, ನದಿ ಆಮೇಲೆ.

ನಾನು ಹೋದ ನಾಲ್ಕು ಜಾಗಗಳಲ್ಲಿ ಮೂರು ಉತ್ತರ ಥಾಯ್ಲೆಂಡ್‌ನವು. ಚಿಯಾಂಗ್ ಮಾಯ್ ಊರಿಗೆ ಹತ್ತಿರದ ಮೆ ತೇಂಗ್ ಮತ್ತು ಮೆ ವಾಂಗ್, ಆಮೇಲೆ ಬೆಟ್ಟಗಳ ಮಧ್ಯೆ ಬರ್ಮಾ ಗಡಿ ಕಡೆಗೆ ಹರಿಯುವ ಪಾಯ್. ನಾಲ್ಕನೆಯದು ದಕ್ಷಿಣದಲ್ಲಿ, ಫುಕೆಟ್‌ನಿಂದ ಹೋಗಿಬರುವ ಫಾಂಗ್ ಙಾ ಪ್ರಾಂತ್ಯದ ಸೊಂಗ್ ಫ್ರೇಕ್. ಥಾಯ್ ಭಾಷೆಯಲ್ಲಿ 'ಮೆ' ಅಂದರೆ ಅಮ್ಮ, 'ನಾಮ್' ಅಂದರೆ ನೀರು. ನದಿಗೆ ಅವರು ಹೇಳುವುದು 'ಮೆ ನಾಮ್', ನೀರಿನ ತಾಯಿ. ಕಾವೇರಮ್ಮ ಅಂತ ಕರೆದು ಬೆಳೆದವಳು ನಾನು. ಆ ಮಾತು ಕೇಳಿದ ದಿನವೇ ಮನಸ್ಸಿಗೆ ಹಿಡಿಸಿತು.

ಮೊದಲು ಮೆ ತೇಂಗ್. 2022ರ ಅಕ್ಟೋಬರ್‌ನಲ್ಲಿ ನಾನು, ನನ್ನ ಗಂಡ, ಇಬ್ಬರು ಗೆಳೆಯರು ಹೋಗಿದ್ದೆವು. ಅದಕ್ಕೆ ಮುಂಚೆ ನಮಗಿದ್ದ ಅನುಭವ ದಾಂಡೇಲಿಯ ಕಾಳಿ ನದಿಯದು ಮಾತ್ರ. ಚಿಯಾಂಗ್ ಮಾಯ್‌ನಿಂದ ಉತ್ತರಕ್ಕೆ ವ್ಯಾನ್‌ನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಆಮೇಲೆ ರಾಫ್ಟ್ ಹೇರಿಕೊಂಡ ಪಿಕಪ್‌ನಲ್ಲಿ ಕಾಡಿನ ರಸ್ತೆ. ನೀರಿನಲ್ಲಿ ಸಾಗುವ ದೂರ ಸುಮಾರು 10 ಕಿ.ಮೀ.

ರಭಸ ಅಳೆಯುವುದಕ್ಕೆ 1ರಿಂದ 6ರವರೆಗೆ ಗ್ರೇಡ್ ಇದೆ. 1 ಅಂದರೆ ಸುಮ್ಮನೆ ಹರಿಯುವ ನೀರು. 6 ಅಂದರೆ ಪ್ರಾಣಕ್ಕೇ ಅಪಾಯ, ಯಾರೂ ಪ್ರವಾಸಿಗಳನ್ನು ಇಳಿಸುವುದಿಲ್ಲ. ಮೆ ತೇಂಗ್ ಬೇಸಿಗೆಯಲ್ಲಿ 2ರ ಆಸುಪಾಸು ಇರುತ್ತದೆ. ಮಳೆಗಾಲದಲ್ಲಿ, ಅಂದರೆ ಜುಲೈಯಿಂದ ಅಕ್ಟೋಬರ್‌ವರೆಗೆ, 4ಕ್ಕೆ ಏರುತ್ತದೆ. ಅದೇ ಬಂಡೆ, ಅದೇ ತಿರುವು. ನೀರು ಮಾತ್ರ ಬೇರೆ. ನಾವು ಹೋದಾಗ ಹೊಳೆ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮೊದಲ ಅರ್ಧ ಗಂಟೆ ಪರವಾಗಿಲ್ಲ, ಇಷ್ಟೇನಾ ಅನ್ನಿಸಿತು. ಆಮೇಲೆ ಕಣಿವೆ ಕಿರಿದಾಯಿತು. ಒಂದು ರಭಸ ದಾಟಿ ಉಸಿರು ತೆಗೆದುಕೊಳ್ಳುವ ಮೊದಲೇ ಇನ್ನೊಂದು ಬರುತ್ತಿತ್ತು. ಕಾಳಿಯಲ್ಲಿ ಎರಡು ರಭಸಗಳ ನಡುವೆ ಹರಟೆ ಹೊಡೆಯುವಷ್ಟು ಸಮಯ ಸಿಕ್ಕಿತ್ತು. ಇಲ್ಲಿ ಇಲ್ಲ.

ಅಲ್ಲೇ ನಾನು ಬಿದ್ದೆ. ರಾಫ್ಟ್‌ನ ಬಲಭಾಗ ಬಂಡೆ ಏರಿತು, ನಾನು ನೀರಲ್ಲಿದ್ದೆ. ಒಂದೆರಡು ಸೆಕೆಂಡ್ ಕಣ್ಣಿಗೆ ಏನೂ ಕಾಣಲಿಲ್ಲ, ಬರೀ ಕಂದು ಬಣ್ಣ. ಲೈಫ್ ಜಾಕೆಟ್ ಮೇಲಕ್ಕೆ ತಂದಿತು. ದಡದಲ್ಲಿ ಗೈಡ್ ಮೂರು ಸಲ ಹೇಳಿಸಿದ್ದ ಪಾಠ ಆಗ ನೆನಪಾಯಿತು: ಬೆನ್ನ ಮೇಲೆ ಮಲಗು, ಕಾಲು ಮುಂದೆ, ಕಾಲ್ಬೆರಳು ನೀರಿನ ಮೇಲೆ ಕಾಣಬೇಕು. ಎದ್ದು ನಿಲ್ಲೋಕೆ ಹೋಗಬೇಡ. ಹರಿಯುವ ನೀರಲ್ಲಿ ನಿಲ್ಲಲು ಹೋದರೆ ಪಾದ ಕಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೀರು ದೂಡುತ್ತದೆ. ಮೇಲೆ ಏಳೋಕೆ ಆಗುವುದಿಲ್ಲ. ಸೊಂಟದಷ್ಟು ನೀರಲ್ಲೂ ಜನ ಮುಳುಗುವುದು ಹೀಗೆ. ನಾನು ಹಾಗೇ ತೇಲಿಕೊಂಡು ಹೋದೆ. ಮುಂದೆ ಕಾಯುತ್ತಿದ್ದ ಸೇಫ್ಟಿ ಕಯಾಕ್‌ನವನು (ಬಿದ್ದವರನ್ನು ಹಿಡಿಯಲು ಜೊತೆಗೆ ಬರುವ ಚಿಕ್ಕ ದೋಣಿ ಅದು) ಹಿಡಿದುಕೊಂಡ. ಮೊಣಕೈ ತರಚಿತ್ತು, ಅಷ್ಟೇ. ಹತ್ತು ನಿಮಿಷದಲ್ಲಿ ಮತ್ತೆ ಹುಟ್ಟು ಹಾಕುತ್ತಿದ್ದೆ.

ನಾವು ಬುಕ್ ಮಾಡಿದ್ದ ಕಂಪನಿಯ ಬಗ್ಗೆ ಒಂದು ಬೇಸರ ಮಾತ್ರ ಉಳಿಯಿತು. ಪ್ಯಾಕೇಜ್‌ನಲ್ಲಿ 'ಆನೆ ಶಿಬಿರ' ಅಂತ ಇತ್ತು. ನೋಡೋದು ಅಂದುಕೊಂಡಿದ್ದೆವು. ಹೋಗಿ ನೋಡಿದರೆ ಸವಾರಿ. ಬೆನ್ನ ಮೇಲೆ ಕಬ್ಬಿಣದ ಕುರ್ಚಿ ಕಟ್ಟಿದ್ದರು. ನಾವು ಹತ್ತಲಿಲ್ಲ. ಒಂದು ಗಂಟೆ ಮರದ ಕೆಳಗೆ ಕೂತೆವು. ಮೆ ತೇಂಗ್ ಕಣಿವೆಯಲ್ಲಿ ಸವಾರಿ ಇಲ್ಲದೆ ಆನೆಗಳನ್ನು ಸಾಕುವ ಜಾಗಗಳೂ ಇವೆ. ಹಾಗಾಗಿ ಪ್ಯಾಕೇಜ್ ತೆಗೆದುಕೊಳ್ಳುವ ಮೊದಲು ಇದನ್ನು ಬಾಯಿ ಬಿಟ್ಟು ಕೇಳಿ. ಬರೀ ರಾಫ್ಟಿಂಗ್ ಅಂತ ಬುಕ್ ಮಾಡಿದರೆ ಇನ್ನೂ ಒಳ್ಳೆಯದು.

ಪಾಯ್ ನದಿಯ ಕಥೆಯೇ ಬೇರೆ. ಚಿಯಾಂಗ್ ಮಾಯ್‌ನಿಂದ ಪಾಯ್ ಊರಿಗೆ ಸುಮಾರು 135 ಕಿ.ಮೀ. ಆದರೆ ಆ 1095ನೇ ನಂಬರ್ ರಸ್ತೆಯಲ್ಲಿ 762 ತಿರುವು. ಪಾಯ್‌ನ ಅಂಗಡಿಗಳಲ್ಲಿ ಆ ಸಂಖ್ಯೆ ಅಚ್ಚು ಹಾಕಿದ ಟೀ ಶರ್ಟ್ ಮಾರುತ್ತಾರೆ. ಚಾರ್ಮಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಹೊರಡುವ ಮುಂಚೆಯೇ ವಾಂತಿ ಮಾತ್ರೆ ನುಂಗಿರಬೇಕು. ಮಿನಿವ್ಯಾನ್‌ನಲ್ಲಿ ಮೂರು ಗಂಟೆ ಬೇಕು.

ಇಲ್ಲಿ ರಾಫ್ಟಿಂಗ್ ಅಂದರೆ ಎರಡು ದಿನ. ಮೆ ಹೊಂಗ್ ಸೊನ್ ಊರಿನ ಕಡೆಗೆ ಸುಮಾರು 60 ಕಿ.ಮೀ. ಹೊಳೆಯಲ್ಲೇ ಪ್ರಯಾಣ, ನಡುವೆ ಒಂದು ರಾತ್ರಿ ದಡದ ಶಿಬಿರದಲ್ಲಿ. ಅರ್ಧ ದಾರಿ ವನ್ಯಧಾಮದ ಒಳಗೆ. ರಸ್ತೆ ಇಲ್ಲ, ಮನೆ ಇಲ್ಲ, ಫೋನ್ ಸಿಗ್ನಲ್ ಇಲ್ಲ. ನಾವು ಹೋದದ್ದು ನವೆಂಬರ್‌ನಲ್ಲಿ. ಮಳೆ ನಿಂತಿತ್ತು, ನೀರು ಇನ್ನೂ ಇತ್ತು, ಆಕಾಶ ತಿಳಿಯಾಗಿತ್ತು. ರಭಸದ ಲೆಕ್ಕದಲ್ಲಿ ಇದು ಮೆ ತೇಂಗ್‌ಗಿಂತ ಕಡಿಮೆ. ಎರಡನೇ ದಿನ ಕಲ್ಲಿನ ಗೋಡೆಗಳ ನಡುವಿನ ಕಣಿವೆಯಲ್ಲಿ ಬರುವ ಕೆಲವನ್ನು ಬಿಟ್ಟರೆ ಹೆದರಿಸುವಂಥದ್ದು ಏನಿಲ್ಲ. ಉಳಿದ ಹೊತ್ತೆಲ್ಲ ಮಡುಗಳು. ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಕೂತಿರುವುದು. ಮಿಂಚುಳ್ಳಿ ನೀರಿಗೆ ಬೀಳುವ ಸದ್ದು ಕೇಳುತ್ತದೆ.

ರಾತ್ರಿ ಚಳಿ. ಉತ್ತರ ಥಾಯ್ಲೆಂಡ್‌ನ ಬೆಟ್ಟಗಳಲ್ಲಿ ನವೆಂಬರ್‌ನಿಂದ ಜನವರಿವರೆಗೆ ಸ್ವೆಟರ್ ಬೇಕು ಅಂದರೆ ನಮ್ಮವರು ನಂಬುವುದಿಲ್ಲ. ನನ್ನ ಹತ್ತಿರ ಇದ್ದದ್ದು ಒಂದು ತೆಳು ಶಾಲು. ಬೆಂಕಿ ಪಕ್ಕ ಕೂತು ಅನ್ನ, ಕುಂಬಳಕಾಯಿ ಪಲ್ಯ ತಿಂದೆವು. ಗೈಡ್ ಬಿದಿರಿನ ಅಂಡೆಯಲ್ಲಿ ನೀರು ಕಾಯಿಸಿ ಟೀ ಮಾಡಿದ. ಬಿದಿರಿನ ಘಮ ಟೀಗೂ ಬಂದಿತ್ತು. ಬೆಳಿಗ್ಗೆ ಮಂಜು ಹೊಳೆಯ ಮೇಲೆಯೇ ಕೂತಿತ್ತು, ಎದುರು ದಡ ಕಾಣುತ್ತಿರಲಿಲ್ಲ. ನಾಲ್ಕರಲ್ಲಿ ನಾನು ಮತ್ತೆ ಹೋಗಬೇಕು ಅಂದುಕೊಂಡಿರುವುದು ಇದೊಂದಕ್ಕೇ.

ಆದರೆ ಲೆಕ್ಕ ಹಾಕಿ ನೋಡಿ. ಪಾಯ್‌ಗೆ ಹೋಗಲು ಒಂದು ದಿನ, ನೀರಲ್ಲಿ ಎರಡು ದಿನ, ವಾಪಸ್ ಬರಲು ಒಂದು ದಿನ. ಅದಕ್ಕೆ ಬೆಂಗಳೂರಿನಿಂದ ಹೋಗಿಬರುವುದು ಸೇರಿಸಿದರೆ ಆರು ದಿನ. ನಾಲ್ಕು ದಿನದ ರಜೆಗೆ ಇದನ್ನು ತುರುಕಿದರೆ ಒಂದು ವಿಮಾನ ತಪ್ಪುತ್ತದೆ, ಇಲ್ಲ ಇಡೀ ಪ್ರವಾಸ ಗಡಿಯಾರ ನೋಡಿಕೊಂಡೇ ಮುಗಿಯುತ್ತದೆ. ಮಾರ್ಚ್ ಹೊತ್ತಿಗೆ ಹೊಳೆ ಬತ್ತಿರುತ್ತದೆ, ರಾಫ್ಟ್ ಕಲ್ಲಿಗೆ ಕೂರುತ್ತದೆ.

ಮೆ ವಾಂಗ್ ರಾಫ್ಟಿಂಗ್ ಅನ್ನುವುದಕ್ಕಿಂತ ತೆಪ್ಪದ ಸವಾರಿ. ಉದ್ದನೆಯ ಬಿದಿರುಗಳನ್ನು ಜೋಡಿಸಿ ಕಟ್ಟಿದ ತೆಪ್ಪ. ಮುಂದೆ ಒಬ್ಬ ನಿಂತು ಬಿದಿರು ಗಳ ಊರಿ ದೂಡುತ್ತಾನೆ. ಅತ್ತೆ ಮತ್ತು ಎಂಟು ವರ್ಷದ ಮಗನನ್ನು ಕರೆದುಕೊಂಡು ಫೆಬ್ರವರಿಯಲ್ಲಿ ಹೋಗಿದ್ದೆ. ನೀರು ಬಹಳ ಕಡೆ ಮೊಣಕಾಲಷ್ಟು. ತೆಪ್ಪ ಭಾರಕ್ಕೆ ಸ್ವಲ್ಪ ಮುಳುಗುವುದರಿಂದ ಕೂತವರ ಬಟ್ಟೆ ಒದ್ದೆಯಾಗಿಯೇ ಆಗುತ್ತದೆ. ಅತ್ತೆಗೆ ಮೊದಲು ಹೆದರಿಕೆ. ಐದು ನಿಮಿಷದಲ್ಲಿ ಸೀರೆ ನೆರಿಗೆ ಎತ್ತಿಕಟ್ಟಿಕೊಂಡು ಕಾಲು ನೀರಲ್ಲಿ ಇಳಿಬಿಟ್ಟರು. "ನಮ್ಮ ತುಂಗೆಯಲ್ಲಿ ಹೀಗೇ ತೆಪ್ಪದಲ್ಲಿ ದಾಟ್ತಿದ್ವಿ" ಅಂತ ತಮ್ಮ ಹುಡುಗಾಟದ ದಿನಗಳನ್ನೆಲ್ಲ ಹೇಳಿದರು. ಒಂದು ಗಂಟೆಯ ಸವಾರಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಬೇರೆ ಯೋಚನೆಯೇ ಬೇಡ. ಅಲ್ಲಿಂದ ಅದೇ ಕಡೆ ಇರುವ ದೋಯ್ ಇಂಥನೊನ್‌ಗೂ ಹೋಗಬಹುದು. 2,565 ಮೀಟರ್, ಥಾಯ್ಲೆಂಡ್‌ನ ಅತಿ ಎತ್ತರದ ಶಿಖರ, ತುದಿವರೆಗೆ ಕಾರು ಹೋಗುತ್ತದೆ.

ಸೊಂಗ್ ಫ್ರೇಕ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಫುಕೆಟ್ ದ್ವೀಪದಿಂದ ಸೇತುವೆ ದಾಟಿ ಒಂದೂವರೆ ಗಂಟೆ. ಮೇಲೆ ನೀರು ಕಟ್ಟಿ ನಿಲ್ಲಿಸಿ ಹೊತ್ತು ನೋಡಿ ಬಿಡುತ್ತಾರೆ. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ದಾಂಡೇಲಿಯಲ್ಲಿ ರಾಫ್ಟಿಂಗ್ ನಡೆಯುತ್ತದಲ್ಲ, ಅದೇ ರೀತಿ, ಇನ್ನೂ ಚಿಕ್ಕ ಪ್ರಮಾಣದಲ್ಲಿ. ನೀರು ಬಂದ ಕೂಡಲೇ ಸಾಲಾಗಿ ಕಾಯುತ್ತಿದ್ದ ರಾಫ್ಟ್‌ಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಒಂದಕ್ಕೊಂದು ಡಿಕ್ಕಿ, ಕೂಗಾಟ, ನೀರೆರಚಾಟ. ಸುಮಾರು 5 ಕಿ.ಮೀ., ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮಕ್ಕಳಿಗೆ ಭಾರಿ ಖುಷಿ. ನನಗೆ ಹೊಳೆಯಲ್ಲಿದ್ದೇನೆ ಅನ್ನಿಸಲಿಲ್ಲ. ಅದಕ್ಕೊಂದು ಅನುಕೂಲ ಮಾತ್ರ ಇದೆ: ನೀರು ಕಟ್ಟಿ ಬಿಡುವುದರಿಂದ ನಮ್ಮ ಬೇಸಿಗೆ ರಜೆಯಲ್ಲೂ ನಡೆಯುತ್ತದೆ.

ಇಲ್ಲಿಗೆ ತಿಂಗಳ ಮಾತು ಮತ್ತೆ ಬರುತ್ತದೆ. ನಮಗೆ ದೊಡ್ಡ ರಜೆ ಅಂದರೆ ಏಪ್ರಿಲ್, ಮೇ. ಉತ್ತರ ಥಾಯ್ಲೆಂಡ್‌ಗೆ ಹೋಗಬಾರದ ಹೊತ್ತೇ ಅದು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆ, ಕಾಡಿನ ತರಗೆಲೆ ಸುಡುವ ಹೊಗೆ ಕಣಿವೆಯಲ್ಲಿ ಕವಿದುಕೊಳ್ಳುತ್ತದೆ. ಬೆಟ್ಟವೇ ಕಾಣುವುದಿಲ್ಲ. ಗಂಟಲು ಉರಿಯುತ್ತದೆ. ಮಗನಿಗೆ ಉಬ್ಬಸ ಇರುವುದರಿಂದ ನಾವು ಫೆಬ್ರವರಿ ಮೊದಲ ವಾರವೇ ಹೋಗಿ ಬಂದೆವು. ನೀರೂ ಆಗ ಕಡಿಮೆ. ದಸರಾ ರಜೆ ಮಾತ್ರ ಮೆ ತೇಂಗ್‌ಗೆ ಹೇಳಿ ಮಾಡಿಸಿದ ಹಾಗೆ. ಆಗಲೂ ಹಿಂದಿನ ವಾರದ ಮಳೆ ನೋಡಿಕೊಳ್ಳಬೇಕು. 2024ರ ಅಕ್ಟೋಬರ್‌ನಲ್ಲಿ ಪಿಂಗ್ ನದಿ ಉಕ್ಕಿ ಚಿಯಾಂಗ್ ಮಾಯ್ ಪೇಟೆಗೇ ನೀರು ನುಗ್ಗಿತ್ತು. ಮೆ ತೇಂಗ್ ಸೇರುವುದು ಅದೇ ಪಿಂಗ್‌ಗೆ. ಇವತ್ತು ನೀರು ಜಾಸ್ತಿ, ಇಳಿಸಲ್ಲ ಅಂತ ಕಂಪನಿಯವರು ಹೇಳಿದರೆ ಜಗಳ ಆಡಬೇಡಿ. ಹಾಗೆ ಹೇಳುವವರೇ ನಂಬಿಕೆಗೆ ತಕ್ಕವರು.

ಖರ್ಚು: ಮೆ ತೇಂಗ್‌ಗೆ ನಾವು ಒಬ್ಬರಿಗೆ 1,800 ಬಾತ್ (ಥಾಯ್ಲೆಂಡ್‌ನ ಹಣ) ಕೊಟ್ಟೆವು, ಊಟ, ವ್ಯಾನ್ ಎಲ್ಲ ಸೇರಿ. ಪಾಯ್‌ನ ಎರಡು ದಿನಕ್ಕೆ ಅದರ ದುಪ್ಪಟ್ಟು ಆಯಿತು. ತೆಪ್ಪ ಎಲ್ಲಕ್ಕಿಂತ ಅಗ್ಗ. ಇನ್ನೂರು ಮುನ್ನೂರು ಬಾತ್ ಕಡಿಮೆ ಅಂತ ಕಂಪನಿ ಬದಲಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಜೊತೆಗೆ ಸೇಫ್ಟಿ ಕಯಾಕ್ ಬರುತ್ತದಾ? ಗೈಡ್‌ಗೆ ನೀರಿನಿಂದ ಎತ್ತುವ ತರಬೇತಿ ಆಗಿದೆಯಾ? ಇವತ್ತಿನ ನೀರಿನ ಮಟ್ಟ ಎಷ್ಟು? ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಜಾಕೆಟ್ ಗಲ್ಲದವರೆಗೆ ಏರಿದರೆ ಅದು ಸಡಿಲ. ಬಿಗಿ ಮಾಡಿಸಿಕೊಳ್ಳಿ, ಇಲ್ಲವೇ ಬೇರೆ ಕೇಳಿ. ಹುಟ್ಟಿನ ಮೇಲ್ತುದಿಯ ಹಿಡಿಯಿಂದ ಕೈ ತೆಗೆಯಲೇಬೇಡಿ. ಕೈ ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ಪ್ರವಾಸದ ಇನ್ಶೂರೆನ್ಸ್‌ನಲ್ಲಿ ರಾಫ್ಟಿಂಗ್ ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಇರುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. 'ತರಕಾರಿ' ಅಂತ ಹೇಳಿದರೆ ಸಾಲದು, ಮೀನಿನ ಸಾಸ್ ಬಿದ್ದೇ ಬೀಳುತ್ತದೆ. 'ಜೇ' ಅನ್ನಿ. ಮಾಂಸ, ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ ಅದು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅಲ್ಲಿ ಜೇ ಊಟ ಸಿಗುತ್ತದೆ. ಅಕ್ಟೋಬರ್ ಸುಮಾರಿಗೆ ಜೇ ಹಬ್ಬವೂ ಬರುವುದರಿಂದ ಆಗ ಬೀದಿ ಬೀದಿಯಲ್ಲೂ ಈ ಬಾವುಟ.

ತಂಗಿಯ ರಜೆ ದಸರೆಗೇ ಅಂತ ಗೊತ್ತಾಯಿತು. ಹಾಗಾದರೆ ಯೋಚನೆಯೇ ಇಲ್ಲ, ಮೆ ತೇಂಗ್ ಅಂದೆ. ರಾತ್ರಿ ವಿಮಾನದಲ್ಲಿ ಬ್ಯಾಂಕಾಕ್, ಬೆಳಿಗ್ಗೆ ಅಲ್ಲಿಂದ ಚಿಯಾಂಗ್ ಮಾಯ್, ಆ ದಿನ ಪೂರ್ತಿ ವಿಶ್ರಾಂತಿ. ನಿದ್ದೆಗೆಟ್ಟು ರಭಸಕ್ಕೆ ಇಳಿಯಬಾರದು. ಎರಡನೇ ದಿನ ಮೆ ತೇಂಗ್. ಮೂರನೇ ದಿನ ಅಮ್ಮನ ಜೊತೆ ಮೆ ವಾಂಗ್, ಯಾಕೆಂದರೆ ಅಮ್ಮ ಬರುತ್ತೇನೆ ಅಂತ ಆಗಲೇ ಪಾಸ್‌ಪೋರ್ಟ್ ಹುಡುಕುತ್ತಿದ್ದಾರಂತೆ. ನಾಲ್ಕನೇ ದಿನ ವಾಪಸ್.

"ಮತ್ತೆ ಪಾಯ್?" ಅಂದಳು.

"ಅದಕ್ಕೆ ನವೆಂಬರ್‌ನಲ್ಲಿ ಒಂದು ವಾರ ರಜೆ ಹಾಕು. ನಾನೂ ಬರ್ತೀನಿ. ಸ್ವೆಟರ್ ಇಟ್ಕೋ."