ಒಂದೇ ಪಂಕ್ ಆಲ್ಬಮ್, ಮಲೆನಾಡಿನ ಥಂಡಿ: ಎಲ್‌ಪಿ, ಕ್ಯಾಸೆಟ್, ಸಿಡಿ, ಮೊಬೈಲ್

ಪಂಕ್ ಅಂದರೆ ಬಿರುಸಿನ, ಒರಟು ರಾಕ್. ಅದನ್ನು ಬಾರಿಸುವ ಅಮೆರಿಕದ ಸೂಯಿಸೈಡಲ್ ಟೆಂಡೆನ್ಸೀಸ್ ಬ್ಯಾಂಡಿನ ಮೊದಲ ಆಲ್ಬಮ್ 1983ರಲ್ಲಿ ಫ್ರಾಂಟಿಯರ್ ರೆಕಾರ್ಡ್ಸ್‌ನಿಂದ ಬಂತು. ಹನ್ನೆರಡು ಹಾಡು, ಎಲ್ಲ ಸೇರಿದರೂ ಅರ್ಧ ಗಂಟೆ ತುಂಬುವುದಿಲ್ಲ. ಗಾಯಕ ಮೈಕ್ ಮ್ಯೂರ್‌ನ ಅಣ್ಣ ಜಿಮ್ ಮ್ಯೂರ್ ಕ್ಯಾಲಿಫೋರ್ನಿಯಾದ ಜೆಫರ್ ಎಂಬ ಸ್ಕೇಟ್‌ಬೋರ್ಡ್ ತಂಡದವನು, ಡಾಗ್‌ಟೌನ್ ಸ್ಕೇಟ್‌ಬೋರ್ಡ್‌ಗಳ ಕಂಪನಿ ಕಟ್ಟಿದವನು. ಹಾಗಾಗಿ ಈ ಹಾಡುಗಳಿಗೂ ಸ್ಕೇಟ್‌ಬೋರ್ಡ್‌ಗೂ ಮನೆಯೊಳಗಿನದೇ ನಂಟು. ಇದನ್ನು ಕೇಳಿ ಹುಡುಗಾಟದಲ್ಲಿ ಗಿಟಾರ್ ಹಿಡಿದವರಿಗೆ ಈಗ ಐವತ್ತು ದಾಟಿದೆ. ಬೆಳಿಗ್ಗೆ ಆಲ್ಬಮ್ ಹಾಕಿಕೊಂಡು ಅದರ ಜೊತೆಗೇ ಬಾರಿಸಬೇಕು, ಸಂಜೆ ಬಿಸಿಲಿಳಿದ ಮೇಲೆ ಕಾಫಿ ಕಣದಲ್ಲಿ ಬೋರ್ಡ್ ಹತ್ತಬೇಕು, ಆರಿದ್ರಾ ಮಳೆಯಿಂದ ಮಘೆ ಮಳೆವರೆಗೂ ಸಾಮಾನು ಬೂಷ್ಟು ಹಿಡಿಯದೆ ಉಳಿಯಬೇಕು. ನಾಲ್ಕು ರೂಪಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಈ ಮೂರಕ್ಕೇ. ಯಾವುದರ ಧ್ವನಿ ಶ್ರೇಷ್ಠ ಅನ್ನುವ ಜಗಳ ಬೇರೆಯವರು ಆಡಿಕೊಳ್ಳಲಿ.

ಕೊಳ್ಳುವ ಮುಂಚೆ ಒಂದು ಮಾತು. 1993ರಲ್ಲಿ ಬ್ಯಾಂಡು ಇದೇ ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿ ಬೇರೆ ಹೆಸರಲ್ಲಿ ಬಿಟ್ಟಿದೆ. ಅದರಲ್ಲಿ ಗಿಟಾರ್ ದಪ್ಪ, ಡ್ರಮ್ ನುಣುಪು. ಹಾಡಿನ ಹೆಸರು ಹಾಕಿ ಹುಡುಕಿದರೆ ಎರಡೂ ಬಂದು ನಿಲ್ಲುತ್ತವೆ. 1983 ಅಂತ ಇಸವಿ ನೋಡಿಯೇ ತಗೊಳ್ಳಿ. ಒಂದರ ಜೊತೆ ಅಭ್ಯಾಸ ಮಾಡಿ ಇನ್ನೊಂದನ್ನು ಹಾಕಿಕೊಂಡರೆ ತಾಳ ಕೂರುವುದಿಲ್ಲ.

ಎಲ್‌ಪಿಯಲ್ಲಿ, ಅಂದರೆ ವಿನೈಲ್ ಪ್ಲಾಸ್ಟಿಕ್‌ನ ದೊಡ್ಡ ರೆಕಾರ್ಡಿನಲ್ಲಿ, ಮೊದಲು ಕೈಕೊಡುವುದು ವೇಗ. ಅಮೆರಿಕದಿಂದ ಯಾರೋ ತಂದುಕೊಟ್ಟ ಹಳೆ ಟರ್ನ್‌ಟೇಬಲ್‌ನಲ್ಲಿ ಎಸಿ ಸಿಂಕ್ರೊನಸ್ ಮೋಟಾರ್ (ಕರೆಂಟಿನ ಹರ್ಟ್ಸ್‌ಗೆ ತಕ್ಕ ವೇಗದಲ್ಲೇ ತಿರುಗುವಂಥದ್ದು) ಇದ್ದರೆ ಅದು 60 ಹರ್ಟ್ಸ್ ಕರೆಂಟ್‌ಗೆ ಮಾಡಿದ್ದು. ನಮ್ಮದು 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 120ಕ್ಕೆ ಇಳಿಸುತ್ತದೆ, ಹರ್ಟ್ಸ್ ಮಾತ್ರ ಹಾಗೇ ಇರುತ್ತದೆ. ನಿಮಿಷಕ್ಕೆ 33⅓ ಸುತ್ತು ಹಾಕಬೇಕಾದ ತಟ್ಟೆ ಸುಮಾರು 27.8ಕ್ಕೆ ಇಳಿಯುತ್ತದೆ, ಶ್ರುತಿ ಮೂರು ಸೆಮಿಟೋನ್‌ಗಿಂತ (ಗಿಟಾರಿನಲ್ಲಿ ಮೂರು ಫ್ರೆಟ್) ಸ್ವಲ್ಪ ಜಾಸ್ತಿಯೇ ಕೆಳಗೆ ಕೂರುತ್ತದೆ. ಪಂಕ್ ಹೋಗಿ ಶೋಕಗೀತೆ ಆಗುತ್ತದೆ. ಇದಕ್ಕೆ ಮದ್ದು ಮೋಟಾರಿಗೆ 50 ಹರ್ಟ್ಸ್‌ನ ಪುಲ್ಲಿ (ಬೆಲ್ಟ್ ಓಡಿಸುವ ಗಾಲಿ), ಅದು ಸಿಗದಿದ್ದರೆ ಡಿಸಿ ಮೋಟಾರಿನ ಬೇರೆ ಟರ್ನ್‌ಟೇಬಲ್.

ವೇಗ ನೋಡಲು ಯಂತ್ರವೇನೂ ಬೇಡ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಮುಳ್ಳನ್ನು ರೆಕಾರ್ಡ್ ಮೇಲೆ ಇಳಿಸಿಯೇ ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. 97, 98 ಬಂದರೆ ಬೆಲ್ಟ್ ಸಡಿಲವಾಗಿದೆ. 83ರ ಹತ್ತಿರ ನಿಂತರೆ ಮೇಲೆ ಹೇಳಿದ ಹರ್ಟ್ಸ್ ಕಾಯಿಲೆಯೇ. 50 ಹರ್ಟ್ಸ್‌ಗೆ 180 ಗೆರೆ ಇರುವ ಸ್ಟ್ರೋಬ್ ಕಾಗದವನ್ನೂ ತಟ್ಟೆ ಮೇಲಿಟ್ಟು ಬಳಸಬಹುದು, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ, ಆದರೆ ಈಗಿನ ಎಷ್ಟೋ ಎಲ್‌ಇಡಿ ಬಲ್ಬುಗಳ ಕೆಳಗೆ ಆ ಗೆರೆಗಳು ನಿಂತಂತೆ ಕಾಣುವುದೇ ಇಲ್ಲ. ಚೋಕ್ ಇರುವ ಹಳೆ ಟ್ಯೂಬ್‌ಲೈಟ್ ಬೇಕು.

ಎರಡನೆಯದು ಮನೆ. ತೋಟದ ಹಳೆ ಮನೆಗಳ ಹಲಗೆ ಮುಚ್ಚಿಗೆಯ ಮಹಡಿಯಲ್ಲಿ ಟರ್ನ್‌ಟೇಬಲ್ ಇಟ್ಟು ಪಕ್ಕದಲ್ಲಿ ಕಾಲು ಕುಟ್ಟಿ ಗಿಟಾರ್ ಬಾರಿಸಿದರೆ ಮುಳ್ಳು ಹಾರದೇ ಇರುವುದಿಲ್ಲ. ಹಾರಿತು ಅಂತ ಮುಳ್ಳಿನ ಭಾರ ಏರಿಸುತ್ತಾ ಹೋಗಬೇಡಿ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್‌ಗೆ (ಮುಳ್ಳು ಕೂತಿರುವ ತುದಿಭಾಗ) ಒಂದೂವರೆಯಿಂದ ಎರಡು ಗ್ರಾಂ ಸಾಕು. ಬದಲಿಗೆ ಕಲ್ಲಿನ ಗೋಡೆಗೆ ಶೆಲ್ಫ್ ಹೊಡೆದು ಅದರ ಮೇಲಿಡಿ, ಆಂಪ್ಲಿಫೈಯರನ್ನು ಎದುರು ಗೋಡೆಗೆ ಸರಿಸಿ.

ಇನ್ನು ಬೂಷ್ಟು. ಕಡೂರು, ಅರಸೀಕೆರೆ ಕಡೆಯವರು ಈ ಭಾಗ ಬಿಟ್ಟು ಓದಬಹುದು. ಮೂಡಿಗೆರೆ, ಕೊಪ್ಪ, ಸಕಲೇಶಪುರದವರು ಬಿಡುವ ಹಾಗಿಲ್ಲ. ವಿನೈಲ್ ತಾನಾಗಿ ಹಾಳಾಗುವುದಿಲ್ಲ, ನೀರು ಹೀರುವುದು ಒಳಗಿನ ಕಾಗದದ ಕವರ್. ಅದನ್ನು ತೆಗೆದು ಪಾಲಿಪ್ರೊಪಿಲೀನ್ ಕವರ್ ಹಾಕಿ. ಮೆತ್ತನೆ ಪಿವಿಸಿ ಕವರ್ ಬೇಡ, ಅದು ವರ್ಷಗಳಲ್ಲಿ ರೆಕಾರ್ಡ್ ಮೇಲೆ ಮಂಜಿನಂಥ ಪದರ ಬಿಡುತ್ತದೆ. ಬೂಷ್ಟು ಹಿಡಿದೇಬಿಟ್ಟಿದ್ದರೆ ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ ವಾಸನೆ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಲೀಟರಿಗೆ ಎರಡು ಮೂರು ಹನಿ. ಗೆರೆ ಸುತ್ತಿದ ದಿಕ್ಕಿನಲ್ಲೇ ಮೆತ್ತನೆ ಬ್ರಷ್ ಆಡಿಸಿ, ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿ ಇಡುವವರಿದ್ದಾರೆ. ಹಪ್ಪಳ, ಸಂಡಿಗೆಗೆ ಅದು ಸರಿ. ವಿನೈಲ್ 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ರಗಳೆ ಇದ್ದರೂ ಎಲ್‌ಪಿ ಒಂದು ವಿಷಯದಲ್ಲಿ ಎಲ್ಲವನ್ನೂ ಹಿಂದೆ ಹಾಕುತ್ತದೆ. ಅರ್ಧಕ್ಕೆ ಎದ್ದು ಹೋಗಿ ತಿರುಗಿಸಲೇಬೇಕು. ನಿಮಿಷಕ್ಕೆ 200 ಬೀಟ್ ವೇಗದಲ್ಲಿ ಎಂಟನೇ ಸ್ವರಗಳನ್ನು (ಒಂದು ಬೀಟಿಗೆ ಎರಡು ಹೊಡೆತ) ಬರೀ ಕೆಳಹೊಡೆತದಲ್ಲೇ ಬಾರಿಸಿದರೆ ಬಲಗೈ ನಿಮಿಷಕ್ಕೆ 400 ಸಲ ಬೀಳುತ್ತದೆ. ವಯಸ್ಸಾದ ಮಣಿಕಟ್ಟಿಗೆ ಆ ಎರಡು ನಿಮಿಷದ ಬಿಡುವು ಬೇಕು. ಸಿಡಿ ಮತ್ತು ಮೊಬೈಲ್ ಅದನ್ನು ಕೊಡುವುದಿಲ್ಲ, ನೀವೇ ನೆನಪಿಟ್ಟು ಆರನೇ ಹಾಡಿಗೆ ನಿಲ್ಲಿಸಬೇಕು. ಯಾರೂ ನಿಲ್ಲಿಸುವುದಿಲ್ಲ.

ಕ್ಯಾಸೆಟ್‌ನ ಕಥೆ ಬೇರೆ. ಸಿ60, ಅಂದರೆ ಎರಡೂ ಮಗ್ಗುಲು ಸೇರಿ 60 ನಿಮಿಷದ ಕ್ಯಾಸೆಟ್‌ನ ಒಂದೇ ಮಗ್ಗುಲಿಗೆ ಇಡೀ ಆಲ್ಬಮ್ ಹಿಡಿಸುತ್ತದೆ. ಸಿ90 ತಗೊಳ್ಳಬೇಡಿ. ಅದರ ಟೇಪ್ ತೆಳು, ಸುಮಾರು 12 ಮೈಕ್ರಾನ್. ಸಿ60ದು 18ರ ಹತ್ತಿರ. ತೇವ ಹಿಡಿದ ಪಿಂಚ್ ರೋಲರ್‌ಗೆ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ) ಮೊದಲು ಸುತ್ತಿಕೊಳ್ಳುವುದು ತೆಳು ಟೇಪೇ. ಹಾಕುವ ಮುಂಚೆ ಕ್ಯಾಸೆಟ್‌ನ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಟೇಪ್ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಒಳ್ಳೆ ಪ್ಲೇಯರ್‌ಗೆ ಹಾಕಿದರೆ ಟೇಪ್ ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಕೆಲಸಕ್ಕೆ ಬಾರದ ಹಳೆ ಪ್ಲೇಯರ್‌ನಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಪುಡಿ ಉದುರಿಸಬೇಕು.

ಹೆಡ್ ಒರೆಸಲು 99 ಪರ್ಸೆಂಟ್ ಐಸೊಪ್ರೊಪೈಲ್ ಬೇಕು. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಕೊಡುವ 70 ಪರ್ಸೆಂಟ್ ಸ್ಪಿರಿಟ್‌ನಲ್ಲಿ ನೀರಿದೆ, ಮಳೆಗಾಲದಲ್ಲಿ ಅದು ಆರಲು ಹೊತ್ತು ಹಿಡಿಯುತ್ತದೆ. ಬೆಲ್ಟ್ ನಾಲ್ಕಾರು ವರ್ಷ ಪ್ಲೇಯರ್ ಓಡಿಸದೆ ಇಟ್ಟಲ್ಲಿ ಕರಗಿ ಡಾಂಬರಿನ ಹಾಗೆ ಪುಲ್ಲಿಗೆ ಅಂಟುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯದೆ ಹೊಸದು ಹಾಕಿದರೆ ಅದೂ ಜಾರುತ್ತದೆ. ಹೊಸ ಬೆಲ್ಟ್‌ನ ಸುತ್ತಳತೆ ಪುಲ್ಲಿಗಳ ಸುತ್ತ ಹಗ್ಗ ಹಾಕಿ ಅಳೆದದ್ದಕ್ಕಿಂತ ನೂರಕ್ಕೆ ಐದರಷ್ಟು ಕಮ್ಮಿ ಇರಲಿ. ಹಾಸನದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಬೇಕಾಗುತ್ತದೆ. ಇಷ್ಟಾದರೂ ಶ್ರುತಿ ಅಲ್ಪಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ವೇಗ ನೂರಕ್ಕೆ ಆರು ತಪ್ಪಿದರೆ ಒಂದು ಸೆಮಿಟೋನ್ ಹೋದ ಹಾಗೆ. ಗಿಟಾರನ್ನು ಟ್ಯೂನರ್‌ಗೆ ಸರಿಮಾಡಿಕೊಂಡು ಕೂತರೆ ಕ್ಯಾಸೆಟ್ ಜೊತೆ ಹೊಂದುವುದಿಲ್ಲ, ಪ್ರತಿಸಲ ಕ್ಯಾಸೆಟ್‌ಗೇ ಗಿಟಾರ್ ಹೊಂದಿಸಬೇಕು. ಅಭ್ಯಾಸಕ್ಕೆ ಇದು ನಾಲ್ಕರಲ್ಲಿ ಕೊನೆಯದು. ಪ್ರೀತಿಗೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ.

ಸಿಡಿ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ತೊಂದರೆಯೂ ಕಡಿಮೆ. ಶ್ರುತಿ ಕದಲುವುದಿಲ್ಲ. ಥಂಡಿಗೆ ಕೆಡುವುದು ಸಿಡಿ ಅಲ್ಲ, ಪ್ಲೇಯರಿನ ಲೆನ್ಸ್. ಅದು ಮಬ್ಬಾದರೆ ಕೊನೆ ಹಾಡುಗಳಲ್ಲಿ ತಡವರಿಸುತ್ತದೆ. ಸಿಡಿ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ, ಸುತ್ತ ಉಜ್ಜಬೇಡಿ. ಜನ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತಾರೆ. ಅಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಇದೆ, ಸಣ್ಣ ಗೀರು ತಡೆಯುತ್ತದೆ. ಹಾಡು ಕೂತಿರುವ ಪದರ ಇರುವುದು ಲೇಬಲ್‌ನ ಕೆಳಗೇ, ಆ ಬದಿಯ ಗೀರೇ ಮಾರಕ.

ಮೊಬೈಲ್‌ಗೆ ಸಿಡಿಯಿಂದಲೇ ಇಳಿಸಿಕೊಳ್ಳುವುದು ಒಳ್ಳೆಯದು. ಅರ್ಧ ಗಂಟೆಯ ಸಿಡಿ ಧ್ವನಿ ಸುಮಾರು 300 ಎಂಬಿ, ಫ್ಲ್ಯಾಕ್ (ಧ್ವನಿ ಕೆಡದ ಹಾಗೆ ಕಿರಿದು ಮಾಡಿದ ಫೈಲ್) ಮಾಡಿದರೆ ಇನ್ನೂ ಕಮ್ಮಿ. ಗಾಳಿ ಮಳೆಗೆ ಮರ ಬಿದ್ದು ಕರೆಂಟ್, ನೆಟ್‌ವರ್ಕ್ ಎರಡೂ ಹೋದ ದಿನವೂ ಅಭ್ಯಾಸ ನಿಲ್ಲುವುದಿಲ್ಲ. ಕಷ್ಟದ ನಾಲ್ಕು ಸಾಲನ್ನು ಮತ್ತೆ ಮತ್ತೆ ತಿರುಗಿಸಬಹುದು, ಶ್ರುತಿ ಕೆಡಿಸದೆ ವೇಗವನ್ನು 80 ಪರ್ಸೆಂಟ್‌ಗೆ ಇಳಿಸಬಹುದು. ಬೆರಳು ಗಡುಸಾದ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದೂ ಮಾಡುವುದಿಲ್ಲ. ಆದರೆ ಜೊತೆಗೆ ಬಾರಿಸುವಾಗ ಬ್ಲೂಟೂತ್ ಮುಟ್ಟಬೇಡಿ. ಸಾಮಾನ್ಯ ಬ್ಲೂಟೂತ್ ಸ್ಪೀಕರ್‌ಗೆ ಧ್ವನಿ ತಲುಪಲು 150ರಿಂದ 200 ಮಿಲಿಸೆಕೆಂಡ್ ತಡ. 200 ಬೀಟ್ ವೇಗದಲ್ಲಿ ಒಂದು ಬೀಟೇ 300 ಮಿಲಿಸೆಕೆಂಡ್. ಗಿಟಾರನ್ನೂ ಅದೇ ಮೊಬೈಲ್‌ಗೆ ಕೊಟ್ಟು ಬ್ಲೂಟೂತ್‌ನಲ್ಲಿ ಕೇಳಿಸಿಕೊಂಡರೆ ನಿಮ್ಮ ಹೊಡೆತ ಅರ್ಧ ಬೀಟ್ ಹಿಂದೆ ಬಿದ್ದಿರುತ್ತದೆ. ವೈರ್ ಹಾಕಿ.

ನಾಲ್ಕಕ್ಕೂ ಒಂದೇ ಮಿತಿ ಕಿವಿ. ಡ್ರಮ್ ಪಕ್ಕ ವರ್ಷಗಟ್ಟಲೆ ನಿಂತವರಿಗೆ ಮೊದಲು ಸವೆಯುವುದು 4,000 ಹರ್ಟ್ಸ್ ಸುತ್ತಮುತ್ತ. ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಕೇಳುತ್ತಿಲ್ಲ ಅಂತ ವಾಲ್ಯೂಮ್ ಏರಿಸಿದರೆ ಉಳಿದದ್ದೂ ಹೋಗುತ್ತದೆ. 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ, ಮೇಲಕ್ಕೆ ಪ್ರತಿ ಮೂರು ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಅನ್ನುವುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. 97ಕ್ಕೆ ಅರ್ಧ ಗಂಟೆ. ಅಂದರೆ ಈ ಆಲ್ಬಮನ್ನು 97ರಲ್ಲಿ ಒಂದು ಸಲ ಕೇಳಿದರೆ ಆ ದಿನದ ಪಾಲು ಹೆಚ್ಚುಕಮ್ಮಿ ಮುಗಿದ ಹಾಗೆ, ಗಿಟಾರ್ ಆಂಪ್‌ನ ಸದ್ದು ಸೇರಿಸುವ ಮೊದಲೇ. ಮೊಬೈಲ್ ಆ್ಯಪ್‌ನ ಮೀಟರ್ ತೋರಿಸುವುದು ಅಂದಾಜು, 80ರ ಮೇಲೆ ಹೋಗದಂತೆ ಇಟ್ಟುಕೊಂಡರೆ ತಪ್ಪಿದರೂ ನಷ್ಟವಿಲ್ಲ.

ಸಂಜೆಯ ಕಣಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಕೊಯ್ಲಿನ ಹಣ್ಣು ಹರಡುವ ತಿಂಗಳುಗಳಲ್ಲಿ ಕಣ ಸಿಗುವುದಿಲ್ಲ. ಒಣಗಿದ ಕಾಫಿ ಮೂಟೆ ಸೇರಿ ಮುಂಗಾರು ಬರುವ ನಡುವಿನ ಏಪ್ರಿಲ್, ಮೇ ಒಳ್ಳೆಯ ಕಾಲ. ಮಳೆ ಶುರುವಾದರೆ ಸಿಮೆಂಟ್ ಮೇಲೆ ಪಾಚಿ, ಅದರ ಮೇಲೆ ಯಾವ ಚಕ್ರವೂ ನಿಲ್ಲುವುದಿಲ್ಲ. ವಾಕ್‌ಮನ್ ಸೊಂಟಕ್ಕೆ ಸಿಕ್ಕಿಸಿ ತಿರುವು ಹೊಡೆದರೆ ಟೇಪಿನ ವೇಗ ಕಾಯುವ ಫ್ಲೈವೀಲ್ ಅಲುಗಿ ಹಾಡು ನರಳುತ್ತದೆ. ಸಿಡಿ ವಾಕ್‌ಮನ್ ಕಣದ ಪ್ರತಿ ಜಾಯಿಂಟಿಗೂ ಹಾರುತ್ತದೆ. ಮೊಬೈಲ್‌ಗೆ ಇವೆರಡರ ಕಾಟ ಇಲ್ಲ, ಇಯರ್‌ಫೋನ್ ಮಾತ್ರ ಬೇಡ. ಹಿಂದಿನಿಂದ ಬರುವ ತೋಟದ ಜೀಪು, ಪಕ್ಕದ ಮನೆ ನಾಯಿ ಎರಡೂ ಕಿವಿಗೆ ಬೀಳಬೇಕು. ಬೆಳಿಗ್ಗೆ ಬೇಡ ಅಂದ ಬ್ಲೂಟೂತ್ ಸ್ಪೀಕರನ್ನೇ ಇಲ್ಲಿ ಕಣದ ಕಟ್ಟೆ ಮೇಲಿಡಿ. ತಡವಾಗಿ ಕೇಳಿದರೆ ಇಲ್ಲಿ ಏನೂ ಕೆಡುವುದಿಲ್ಲ. ಮಣಿಕಟ್ಟಿಗೆ ಗಾರ್ಡ್ ಕಟ್ಟದೆ ಬೋರ್ಡ್ ಹತ್ತಬೇಡಿ. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಬೆಳಿಗ್ಗೆ ಗಿಟಾರ್ ಹಿಡಿಯಬೇಕಾದ ಕೈಯೇ.