ಹಗ್ಗ ಎಳೆಯುವವರು ಯಾರು ಅಂತ ನೋಡಿ ಜನರೇಟರ್ ತಗೊಳ್ಳಿ

ನಮ್ಮ ಮನೆ ಶಹಾಬಾದ್ ಕಡೆಯ ಒಂದು ಹಳ್ಳಿಯಲ್ಲಿ, ಕಾಗಿಣಾ ಹೊಳೆಯಿಂದ ಒಂದೂವರೆ ಕಿಲೋಮೀಟರ್. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಯಜಮಾನರಿಗೆ ಹೊಳೆಯ ಆಚೆ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮಾವ ಮೂವತ್ತು ವರ್ಷ ಪರ್ಸಿ (ಹಾಸುಗಲ್ಲು) ಖಣಿಯಲ್ಲಿ ದುಡಿದವರು. ಈಗ ಸಿಒಪಿಡಿ, ಉಸಿರಾಟ ಕಷ್ಟವಾಗುವ ಶ್ವಾಸಕೋಶದ ಕಾಯಿಲೆ. ದಿನಕ್ಕೆ 15 ಗಂಟೆಗಿಂತ ಕಡಿಮೆ ಆಗಬಾರದು ಎಂದು ಡಾಕ್ಟರು ಆಕ್ಸಿಜನ್ ಬರೆದುಕೊಟ್ಟಿದ್ದಾರೆ, ನಿಮಿಷಕ್ಕೆ 2 ಲೀಟರ್. ಮೂಗಿಗೆ ನಳಿಗೆ ಹಾಕಿಕೊಂಡು, ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ಪಕ್ಕ ಮಲಗುತ್ತಾರೆ. ಆ ಯಂತ್ರ ಕರೆಂಟ್ ಇಲ್ಲದೆ ಒಂದು ಉಸಿರೂ ಕೊಡುವುದಿಲ್ಲ.

2020ರ ಅಕ್ಟೋಬರ್ ಮಳೆಗೆ ಕಾಗಿಣಾ ತುಂಬಿ ಬಂದಾಗ ನಮ್ಮಲ್ಲಿ ಕಂಬಗಳು ಮಲಗಿದವು, ಟಿಸಿ (ಟ್ರಾನ್ಸ್‌ಫಾರ್ಮರ್) ನೀರಲ್ಲಿ ನಿಂತಿತು. ಆಗ ಮಾವನ ಕಾಯಿಲೆ ಇಷ್ಟು ಬಲಿತಿರಲಿಲ್ಲ, ಹೇಗೋ ಪಾರಾದೆವು. ಮರುವರ್ಷ ಮಾರ್ಚ್‌ನಲ್ಲಿ ಕಲಬುರಗಿಗೆ ಹೋಗಿ, ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಿಂದ ಪೆಟ್ರೋಲ್ ಜನರೇಟರ್ ತಂದೆವು. 2.5 ಕೆವಿಎ (ಎಷ್ಟು ಲೋಡ್ ಹೊರುತ್ತದೆ ಎಂಬುದರ ಅಳತೆ), 15 ಲೀಟರ್ ಟ್ಯಾಂಕ್, 45 ಕೆಜಿ ತೂಕ, 52 ಸಾವಿರ ರೂಪಾಯಿ. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಹೇಳುವುದರಲ್ಲಿ ಹೆಚ್ಚಿನದು ಈ ಅಳತೆಯ ಯಾವ ಪೆಟ್ರೋಲ್ ಮಷಿನ್‌ಗೂ ಹೊಂದುತ್ತದೆ.

ಅಂಗಡಿಯಲ್ಲಿ ಮಾತಾಡಿದ್ದೆಲ್ಲಾ ಗಂಡಸರು. ಎಷ್ಟು ಲೋಡ್ ಎಳೆಯುತ್ತದೆ, ಎಷ್ಟು ಮೈಲೇಜ್, ಎಷ್ಟು ಗ್ಯಾರಂಟಿ. ಚಾಲೂ ಮಾಡುವುದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಸೆಲ್ಫ್ ಸ್ಟಾರ್ಟ್ ಇರುವುದಕ್ಕೆ ಇನ್ನೂ ಎಂಟು ಸಾವಿರ ಜಾಸ್ತಿ ಎಂದು ಹಗ್ಗ ಎಳೆದು ಚಾಲೂ ಮಾಡುವುದನ್ನೇ ಕೊಂಡರು. ಹೋದ ವರ್ಷ, 2025ರ ಸೆಪ್ಟೆಂಬರ್ 27, ಶನಿವಾರ ಸಂಜೆ ಮತ್ತೆ ಹೊಳೆ ಏರಿ ಕರೆಂಟ್ ಹೋದಾಗ ಯಜಮಾನರು ಆಚೆ ದಂಡೆಯಲ್ಲಿ ಸಿಕ್ಕಿಬಿದ್ದಿದ್ದರು. ಮನೆಯಲ್ಲಿ ಇದ್ದದ್ದು ನಾನು, ಅತ್ತೆ, ಮಾವ, ಎಂಟನೇ ಕ್ಲಾಸಿನ ಮಗಳು. ಹಗ್ಗ ಎಳೆದದ್ದು ನಾನೇ.

ಮೊದಲ ಸಲ ಹನ್ನೆರಡು ಬಾರಿ ಎಳೆದರೂ ಗುರ್ ಎಂದು ಸುಮ್ಮನಾಯಿತು. ಅಂಗೈಯಲ್ಲಿ ಬೊಬ್ಬೆ ಬಂತು. ಮಾವ ಬಾಗಿಲ ಹೊಸ್ತಿಲಿಗೆ ಬಂದು ಕೂತು, ಏದುಸಿರಿನಲ್ಲೇ ಹೇಳಿದರು: "ಜೋರ್ ಹಾಕಬ್ಯಾಡ ತಂಗಿ. ಮೊದಲ ಮೆಲ್ಲಕ ಜಗ್ಗು, ಒಂದು ಕಡಿ ಬಿಗಿ ಆಗ್ತದ. ಅಲ್ಲಿಂದ ಒಮ್ಮೆ ಝಟ್ಟನ ಎಳಿ. ಚೋಕ್ ಪೂರಾ ಹೊರಗ ತಗಿ." ಖಣಿಯಲ್ಲಿ ನೀರು ಎತ್ತುವ ಎಂಜಿನ್ ನಡೆಸಿದ ಮನುಷ್ಯ. ಹಗ್ಗ ಬಿಗಿಯಾಗುವ ತನಕ ಮೆಲ್ಲಗೆ ಎಳೆದೆ, ಎಡಗೈಯನ್ನು ಚೌಕಟ್ಟಿನ ಪೈಪಿಗೆ ಊರಿ, ಬಲಗಾಲು ಹಿಂದಿಟ್ಟು ಒಮ್ಮೆ ಜಗ್ಗಿದೆ. ಹಿಡಿದುಕೊಂಡಿತು. ಎರಡು ನಿಮಿಷ ಬಿಟ್ಟು ಚೋಕ್ ಒಳಗೆ ತಳ್ಳಬೇಕು, ಇಲ್ಲದಿದ್ದರೆ ಕಪ್ಪು ಹೊಗೆ ಬಿಟ್ಟು ನಿಂತುಹೋಗುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ, ತಣ್ಣಗಿರುವ ಮಷಿನ್ ಮೇಲೆ, ಮನೆಯ ಹೆಂಗಸರ ಕೈಯಲ್ಲಿ ಹಗ್ಗ ಎಳೆಸಿ ನೋಡಿ. ಎಳೆಯಲಾಗದಿದ್ದರೆ ಆ ಎಂಟು ಸಾವಿರ ಕೊಟ್ಟುಬಿಡಿ.

ಅಂಗಡಿಯ ಮೇಲೆ ನನಗೆ ದೊಡ್ಡ ಸಿಟ್ಟಿರುವುದು ಇನ್ನೊಂದು ಕಾರಣಕ್ಕೆ. ಜೋಡಿಸಲು ಬಂದ ಅವರ ಹುಡುಗ ಎರಡೂ ತುದಿಗೆ ಪಿನ್ ಇರುವ ಒಂದು ವೈರ್ ಕೊಟ್ಟು, "ಒಂದು ಜನರೇಟರ್‌ಗೆ, ಇನ್ನೊಂದು ಗೋಡಿ ಸಾಕೆಟ್‌ಗೆ ಹಾಕ್ರಿ, ಮನಿ ಎಲ್ಲಾ ಹತ್ತತದ" ಎಂದು ಹೋದ. ಅದು ಕೊಲೆ ಮಾಡುವ ವೈರ್. ನಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಸರ್ವಿಸ್ ವೈರ್ ಹಿಡಿದು ಟಿಸಿಗೆ ಹೋದರೆ, ಅಲ್ಲಿ 11 ಸಾವಿರ ವೋಲ್ಟ್ ಆಗಿ ಮೇಲಿನ ಲೈನಿಗೆ ಏರುತ್ತದೆ. ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಹೋಗುತ್ತಾನೆ. ಇದನ್ನು ನನಗೆ ತಿಳಿಸಿದವರೇ ನಮ್ಮೂರ ಲೈನ್‌ಮನ್. ಅವತ್ತೇ ಆ ವೈರ್ ಕತ್ತರಿಸಿ ಹಾಕಿ, ಮೀಟರ್ ಬೋರ್ಡ್ ಹತ್ತಿರ ಚೇಂಜ್ ಓವರ್ ಸ್ವಿಚ್ ಕೂಡಿಸಿದೆವು. ಹಿಡಿಕೆ ಮೇಲಿದ್ದರೆ ಲೈನ್ ಕರೆಂಟ್, ಕೆಳಗಿದ್ದರೆ ಜನರೇಟರ್. ಎರಡೂ ಒಟ್ಟಿಗೆ ಕೂಡುವ ದಾರಿಯೇ ಇಲ್ಲ. ಜನರೇಟರ್‌ಗೆ ಬೇರೆ ಅರ್ಥಿಂಗ್ ರಾಡ್ ಕೂಡ ಹೊಡೆಸಿದೆವು.

ಇಡುವ ಜಾಗದ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಶನಿವಾರ ರಾತ್ರಿ ಮಳೆ ಹೊಯ್ಯುವಾಗ ಪಕ್ಕದ ಮನೆಯ ಕಾಕಾ "ಪಡಸಾಲ್ಯಾಗ ಎಳಕೋರಿ, ಮಷಿನ್ ತೊಯ್ತದ" ಎಂದರು. ನಾನು ಒಪ್ಪಲಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಗಟ್ಟಿ ಎದೆಯವರನ್ನೇ ಮಲಗಿಸುವ ಗಾಳಿ ಮಾವನ ಎದೆಗೆ ಎಷ್ಟು ಹೊತ್ತು ಬೇಕು? ನಮ್ಮದು ಹಿತ್ತಲ ತುದಿಯಲ್ಲಿ, ಕಿಟಕಿಯಿಂದ ಇಪ್ಪತ್ತೈದು ಅಡಿ ಆಚೆ ಇದೆ. ನಾಲ್ಕು ಕಂಬ, ಮೇಲೆ ತಗಡು, ಸುತ್ತ ಬಯಲು, ಕೆಳಗೆ ಎರಡು ಪರ್ಸಿಯ ಎತ್ತರ. ಹೊಗೆ ಕೊಳವೆ ತೊಗರಿ ಹೊಲದ ಕಡೆಗೆ.

ಈಗ ಲೋಡ್. ಕಾನ್ಸಂಟ್ರೇಟರ್ 350 ವ್ಯಾಟ್, ಫ್ರಿಜ್ 150, ಎರಡು ಫ್ಯಾನ್ 150, ನಾಲ್ಕು ಎಲ್‌ಇಡಿ ಬಲ್ಬ್, ಮೇಲೆ ಇನ್ವರ್ಟರ್ ಚಾರ್ಜಿಂಗ್ 200ರ ಹತ್ತಿರ. ಎಲ್ಲಾ ಸೇರಿ ಸಾವಿರ ವ್ಯಾಟ್ ಕೂಡ ಮುಟ್ಟಲಿಲ್ಲ, ಮಷಿನ್ ಆರಾಮಾಗಿ ಎಳೆಯಿತು. ಫ್ರಿಜ್ ಶುರುವಾಗುವ ಆ ಒಂದು ಕ್ಷಣ ಸಪ್ಪಳ ಗಡುಸಾಗುತ್ತದೆ, ಅಷ್ಟೇ. ಆದರೆ 1 ಎಚ್‌ಪಿ ಬೋರ್ ಮೋಟರ್ ಏಳಲೇ ಇಲ್ಲ. ಓಡುವಾಗ ಸಾವಿರ ವ್ಯಾಟ್ ತಿನ್ನುವ ಮೋಟರ್ ಏಳುವಾಗ ಅದರ ಮೂರ್ನಾಲ್ಕು ಪಟ್ಟು ಕೇಳುತ್ತದೆ. ಮನೆಯ ಲೈಟೆಲ್ಲಾ ಮಂಕಾಗಿ, ಜನರೇಟರ್ ನರಳಿ, ಬ್ರೇಕರ್ ಬಿತ್ತು. "ಒಂದ್ ಎಚ್‌ಪಿ ಮೋಟರ್ ಬಿಂದಾಸ್ ನಡೀತದ" ಎಂದು ಅಂಗಡಿಯಲ್ಲಿ ಹೇಳಿದ್ದು ಸುಳ್ಳು. ಐದೂ ದಿನ ಬೋರಿಂಗ್‌ನಿಂದ (ಕೈಪಂಪಿನಿಂದ) ಕೊಡ ಹೊತ್ತು ನೀರು ತಂದೆವು.

ಇನ್ವರ್ಟರ್ ಕೂಡ ಮೊದಲ ರಾತ್ರಿ ಕಾಡಿತು. ಜನರೇಟರ್ ಓಡುತ್ತಿದೆ, ಇನ್ವರ್ಟರ್ ಮಾತ್ರ ಟಕ್ ಟಕ್ ಎಂದು ಹಿಡಿಯುವುದು, ಬಿಡುವುದು. ಚಾರ್ಜೇ ಆಗುತ್ತಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಎಲೆಕ್ಟ್ರಿಷಿಯನ್. ಅವನಿಗೆ ಫೋನ್ ಮಾಡಿದೆ. "ಟೀಚರ್, ಇನ್ವರ್ಟರ್ ಹಿಂದ ಬ್ಯಾಟ್ರಿ ಹಚ್ಚಿ ನೋಡ್ರಿ. ಸಣ್ಣ ಸ್ವಿಚ್ ಅದ. ಯುಪಿಎಸ್ ಮ್ಯಾಲ ಇದ್ರ ನಾರ್ಮಲ್‌ಗೆ ಸರಸ್ರಿ" ಎಂದ. ಸರಿಸಿದೆ, ಸದ್ದು ನಿಂತಿತು. ಯುಪಿಎಸ್ ಎಂದಿದ್ದರೆ ಅದು 180ರಿಂದ 260 ವೋಲ್ಟ್ ಒಳಗಿನ ಸಮನಾದ ಕರೆಂಟನ್ನೇ ಬೇಡುತ್ತದಂತೆ. ಸಣ್ಣ ಜನರೇಟರ್ ಏರಿಳಿದರೆ ಒಲ್ಲೆ ಎನ್ನುತ್ತದೆ. ಇನ್ವರ್ಟರ್ ಇರುವವರು ಇವತ್ತೇ ಅದರ ಬೆನ್ನು ತಿರುಗಿಸಿ ಆ ಸ್ವಿಚ್ ಎಲ್ಲಿದೆ ಎಂದು ನೋಡಿಕೊಳ್ಳಿ.

ನಿಜವಾದ ಕಷ್ಟ ಮಷಿನ್‌ದಲ್ಲ, ಪೆಟ್ರೋಲ್‌ದು. ಟ್ಯಾಂಕಿನಲ್ಲಿ 15, ಕ್ಯಾನಿನಲ್ಲಿ 15 ಲೀಟರ್ ಇತ್ತು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ 30 ಲೀಟರ್‌ಗಿಂತ ಹೆಚ್ಚು ಪೆಟ್ರೋಲ್ ಇಡುವಂತಿಲ್ಲ, ಇಡಲೂ ಬಾರದು. ಗಾಬರಿಯಲ್ಲಿ ನಾನು ಶನಿವಾರ ಸಂಜೆ ಆರರಿಂದ ಭಾನುವಾರ ಮಧ್ಯಾಹ್ನ ಎರಡರವರೆಗೆ ಓಡಿಸಿದೆ, ನಡುವೆ ಒಮ್ಮೆ ಮಾತ್ರ ಪೆಟ್ರೋಲ್ ಹಾಕಲು ಇಪ್ಪತ್ತು ನಿಮಿಷ ಆರಿಸಿದ್ದೆ. ಬಿಸಿ ಎಂಜಿನ್ ಮೇಲೆ ಒಂದು ಹನಿ ಚೆಲ್ಲಿದರೂ ಬೆಂಕಿ. 17 ಲೀಟರ್ ಮುಗಿದಿತ್ತು. ಮಾವ ಕೇಳಿದರು, "ಎಷ್ಟ ಉಳದದ?" ಹದಿಮೂರು ಎಂದೆ. ಅವರು ನಳಿಗೆ ತೆಗೆದಿಟ್ಟು "ನಾ ಹಗಲಿಗಿ ಹಂಗೇ ಇರ್ತೀನಿ, ಬಂದ್ ಮಾಡು" ಎಂದರು. ಆ ಮಾತನ್ನು ನನಗೆ ಈಗಲೂ ಸಹಿಸಲಾಗುವುದಿಲ್ಲ.

ಮಗಳ ನೋಟ್‌ಬುಕ್ ತೆಗೆದು ಕೂತೆ. ಇನ್ವರ್ಟರ್‌ನ 150 ಎಎಚ್ ಬ್ಯಾಟರಿ ಎಂದರೆ ಅದರ ಹನ್ನೆರಡು ವೋಲ್ಟ್‌ನಿಂದ ಗುಣಿಸಿ 1800 ವ್ಯಾಟ್ ಅವರ್. ಕೈಗೆ ಸಿಗುವುದು ಅದರಲ್ಲಿ ಮೂರನೇ ಎರಡು ಪಾಲು. ಕಾನ್ಸಂಟ್ರೇಟರ್ ಒಂದನ್ನೇ ನಡೆಸಿದರೆ ಮೂರು ಗಂಟೆ ಚಿಲ್ಲರೆ. ಹಂಗಾಗಿ ಹೀಗೆ ಮಾಡಿದೆ: ಸಂಜೆ 5ರಿಂದ 10 ಜನರೇಟರ್, 10ರಿಂದ 1 ಇನ್ವರ್ಟರ್, 1ರಿಂದ ಬೆಳಿಗ್ಗೆ 9ರವರೆಗೆ ಮತ್ತೆ ಜನರೇಟರ್. ಮಾವನಿಗೆ 16 ಗಂಟೆ ಆಕ್ಸಿಜನ್ ಆಯಿತು. ಹಗಲು ಫ್ರಿಜ್ ಬಾಗಿಲು ಮುಟ್ಟಲಿಲ್ಲ. ದಿನಕ್ಕೆ 11 ಲೀಟರ್, ಅಂದರೆ ಸಾವಿರದ ನೂರು ರೂಪಾಯಿ ಮೇಲೆ. ಕಾಕಾನ ಮಗ ಸುತ್ತುದಾರಿ ಹಿಡಿದು ಬಂಕಿಗೆ ಹೋಗಿ ತಗಡಿನ ಕ್ಯಾನಿನಲ್ಲಿ ತಂದುಕೊಟ್ಟ. ಎಲ್ಲದಕ್ಕೂ ಕೊನೆಯ ಆಸರೆ ಎಂದು ಒಂದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ಇಟ್ಟಿದ್ದೆವು. 1500 ಲೀಟರ್, ನಿಮಿಷಕ್ಕೆ ಎರಡು ಲೀಟರ್ ಲೆಕ್ಕದಲ್ಲಿ ಹನ್ನೆರಡೂವರೆ ಗಂಟೆ. ಅದನ್ನು ತೆರೆಯುವ ಪ್ರಸಂಗ ಬರಲಿಲ್ಲ. ರಾತ್ರಿ ಒಂದಕ್ಕೆ ಅಲಾರಂ ಇಟ್ಟು ಎದ್ದು, ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಹಗ್ಗ ಎಳೆಯುವುದು ನಾಲ್ಕನೇ ದಿನಕ್ಕೆ ರೂಢಿಯಾಗಿತ್ತು.

ಸಪ್ಪಳ ಭಾಳ. ಓಣಿಗೆಲ್ಲಾ ಕೇಳುತ್ತದೆ. ಅಕ್ಕಪಕ್ಕದವರ ಮೊಬೈಲ್‌ಗಳನ್ನು ನಮ್ಮಲ್ಲೇ ಚಾರ್ಜ್‌ಗೆ ಹಾಕಿಸಿಕೊಂಡೆವು, ಯಾರೂ ತಕರಾರು ಮಾಡಲಿಲ್ಲ.

ಇಟ್ಟುಕೊಳ್ಳುವ ರೀತಿ ಗೊತ್ತಿಲ್ಲದೆ ಒಮ್ಮೆ ಕೆಟ್ಟಿದ್ದೇವೆ. 2023ರಲ್ಲಿ ಎಂಟು ತಿಂಗಳು ಮುಟ್ಟದೆ ಬಿಟ್ಟು ಎಳೆದರೆ ಉಸಿರೇ ಇಲ್ಲ. ಮೆಕ್ಯಾನಿಕ್ ಕಾರ್ಬೊರೇಟರ್ ಬಿಚ್ಚಿ ಜೆಟ್ ತೋರಿಸಿದ. ಸೂಜಿ ತೂರದಷ್ಟು ಸಣ್ಣ ತೂತಿನಲ್ಲಿ ಕಂದು ಅಂಟು. ಒಳಗೆ ನಿಂತ ಪೆಟ್ರೋಲ್ ಆರಿ ಹೀಗೆ ಅಂಟಾಗುತ್ತದೆ. ಈಗಿನ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್ ಬೇರೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಅಂದಿನಿಂದ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಕ್ಯಾನಿನದನ್ನು ಎರಡು ತಿಂಗಳಿಗೊಮ್ಮೆ ಸ್ಕೂಟಿಗೆ ಹಾಕಿ ಹೊಸದು ತುಂಬಿಸುತ್ತೇನೆ. ಆಯಿಲ್ 100 ತಾಸಿಗೊಮ್ಮೆ. ಆಯಿಲ್ ಕಡಿಮೆಯಾದರೆ ತಾನೇ ಬಂದ್ ಆಗುವ ಸೌಲಭ್ಯ ಇದರಲ್ಲಿದೆ. ಅದಿಲ್ಲದ್ದನ್ನು ಕೊಳ್ಳಬೇಡಿ.

ಮೊಬೈಲ್, ಟಿವಿ, ಎರಡು ಲೈಟ್ ಸಾಕು ಎನ್ನುವವರಿಗೆ ಇದು ಬೇಡ, ಆ ದುಡ್ಡಿಗೆ ಎರಡನೇ ಬ್ಯಾಟರಿ ತಗೊಳ್ಳಿ. ಮನೆಯಲ್ಲಿ ಆಕ್ಸಿಜನ್ ಮೇಲೆ ಇರುವವರಿದ್ದರೆ ಮಾತ್ರ ಎರಡು ಮನಸ್ಸು ಮಾಡಬೇಡಿ.

ಬುಧವಾರ ಆಯುಧ ಪೂಜೆ. ಅತ್ತೆ ಕುಡುಗೋಲು, ಹೊಲಿಗೆ ಮಷಿನ್ ಜೊತೆ ಜನರೇಟರ್‌ಗೂ ವಿಭೂತಿ ಹಚ್ಚಿ, ಹಗ್ಗದ ಹಿಡಿಕೆಗೆ ಚೆಂಡುಹೂವಿನ ಸರ ಕಟ್ಟಿದರು. ಮರುದಿನ ದಸರೆ, ಸಂಜೆ ಬನ್ನಿ ಕೊಡುವ ಹೊತ್ತಿಗೆ ಕರೆಂಟ್ ಬಂತು. ಚೇಂಜ್ ಓವರ್ ಹಿಡಿಕೆ ಮೇಲೆತ್ತಿ, ಹಿತ್ತಲಿಗೆ ಹೋಗಿ ಕಾಕ್ ಮುಚ್ಚಿದೆ. ಅದು ನಿಲ್ಲಲು ಇನ್ನೂ ಮೂರು ನಿಮಿಷ ಬೇಕಿತ್ತು. ಒಳಗಿನಿಂದ ಮಾವ ಬನ್ನಿ ಎಲೆ ಹಿಡಿದು ಕರೆಯುತ್ತಿದ್ದರು.