ಇಬ್ಬರೂ ಗ್ರ್ಯಾಪ್ಲರ್‌ಗಳಾದಾಗ ಗೆಲ್ಲುವವರು ಯಾರು? ಯುಎಫ್‌ಸಿ ಸ್ಟಾಟ್ಸ್ ಅಂಕಿಅಂಶ ಸೇವೆಯ ವಿಮರ್ಶೆ

ಮಿಶ್ರ ಸಮರಕಲೆಯ ಪಂದ್ಯದಲ್ಲಿ ಹೊಡೆತಗಾರನೊಬ್ಬ ಕುಸ್ತಿಪಟುವಿಗೆ ಎದುರಾದರೆ ಊಹಿಸುವವರ ಮುಂದಿರುವ ಪ್ರಶ್ನೆ ಸರಳ: ಕುಸ್ತಿಪಟು ಎದುರಾಳಿಯನ್ನು ನೆಲಕ್ಕೆ ಕೆಡವಬಲ್ಲನೇ, ಕೆಡವಿದ ಮೇಲೆ ಅಲ್ಲೇ ಅದುಮಿ ಹಿಡಿಯಬಲ್ಲನೇ? ಆದರೆ ಇಬ್ಬರೂ ಹಿಡಿತದ ಆಟದಲ್ಲೇ ಪಳಗಿದವರು, ಅಂದರೆ ಗ್ರ್ಯಾಪ್ಲರ್‌ಗಳು, ಆದಾಗ ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಬ್ಬರ ಬಲವನ್ನು ಇನ್ನೊಬ್ಬರ ಬಲವೇ ತಡೆದು ನಿಲ್ಲಿಸುವುದರಿಂದ, ಎರಡನೇ ಮೂರನೇ ಸ್ಥಾನದಲ್ಲಿದ್ದ ಕೌಶಲಗಳು ಮುಂದೆ ಬಂದು ಫಲಿತಾಂಶವನ್ನು ನಿರ್ಧರಿಸುತ್ತವೆ. ಇಂತಹ ಪಂದ್ಯಗಳ ಮುನ್ನೋಟಕ್ಕೆ ಬಹುತೇಕ ಅಭಿಮಾನಿಗಳು ಮೊದಲು ತೆರೆದು ನೋಡುವುದು, ಮಿಶ್ರ ಸಮರಕಲೆಯ ಪಂದ್ಯಕೂಟಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಪಂದ್ಯಗಳ ಅಂಕಿಅಂಶ ನೀಡುವ ಯುಎಫ್‌ಸಿ ಸ್ಟಾಟ್ಸ್ ಎಂಬ ಉಚಿತ ಸೇವೆಯನ್ನು. ಹಿಂದೆ ಇದು ಫೈಟ್‌ಮೆಟ್ರಿಕ್ ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಈ ಒಂದು ಕೆಲಸಕ್ಕೆ ಅದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಸೇವೆಯ ಹೊರರೂಪದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಲಂಕಾರವಿಲ್ಲದ ಕೋಷ್ಟಕಗಳು, ಆಟಗಾರರ ಹೆಸರಿನ ಅಕ್ಷರಾನುಕ್ರಮದ ಪಟ್ಟಿ, ನಡೆದ ಮತ್ತು ನಡೆಯಲಿರುವ ಪಂದ್ಯಕೂಟಗಳ ಪಟ್ಟಿ; ಬೇಕಾದದ್ದು ಬೇಗ ಸಿಗುತ್ತದೆ. ಪ್ರತಿ ಆಟಗಾರರ ಪುಟದ ಮೇಲ್ಭಾಗದಲ್ಲಿ ಎತ್ತರ, ತೂಕ, ತೋಳಳತೆ, ನಿಲುವು ಮತ್ತು ಜನ್ಮದಿನಾಂಕದ ಜೊತೆಗೆ ವೃತ್ತಿಜೀವನದ ಸರಾಸರಿಗಳಿರುತ್ತವೆ. ಗ್ರ್ಯಾಪ್ಲಿಂಗ್‌ಗೆ ಸಂಬಂಧಿಸಿದವು ಅವುಗಳಲ್ಲಿ ನಾಲ್ಕು: 15 ನಿಮಿಷಕ್ಕೆ ಸರಾಸರಿ ಎಷ್ಟು ಟೇಕ್‌ಡೌನ್ (ಎದುರಾಳಿಯನ್ನು ನೆಲಕ್ಕೆ ಕೆಡವುವುದು), ಯತ್ನಿಸಿದ ಟೇಕ್‌ಡೌನ್‌ಗಳಲ್ಲಿ ಶೇಕಡಾ ಎಷ್ಟು ಸಫಲ, ಎದುರಾಳಿಗಳ ಯತ್ನಗಳಲ್ಲಿ ಶೇಕಡಾ ಎಷ್ಟನ್ನು ತಡೆಯಲಾಗಿದೆ, ಮತ್ತು 15 ನಿಮಿಷಕ್ಕೆ ಸರಾಸರಿ ಎಷ್ಟು ಸಬ್‌ಮಿಷನ್ (ಎದುರಾಳಿ ಸೋಲೊಪ್ಪುವಂತೆ ಹಾಕುವ ಪಟ್ಟು) ಯತ್ನ. ಮುಂಬರುವ ಪಂದ್ಯವಾದರೆ ಇಬ್ಬರ ಅಂಕಿಗಳನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸುವ ಹೋಲಿಕೆಯ ಪುಟವೂ ಉಂಟು. ಊಹಿಸುವವರು ಎಡವುವುದು ಹೆಚ್ಚಾಗಿ ಇದೇ ಪುಟದಲ್ಲಿ.

ಟೇಕ್‌ಡೌನ್ ತಡೆಯ ಶೇಕಡಾವಾರನ್ನೇ ನೋಡೋಣ. ಇದರಲ್ಲಿ ಯಾರ ಯತ್ನವನ್ನು ತಡೆದದ್ದು ಎಂಬ ಭೇದವಿಲ್ಲ. ಕುಸ್ತಿಯ ಗಂಧವಿಲ್ಲದ ಬಾಕ್ಸರ್ ಒಬ್ಬ ದಣಿದು ಎದುರಾಳಿಯ ಕಾಲಿಗೆ ಕೈಹಾಕಿದರೂ ಅದು ಒಂದು ಯತ್ನ. ಒಲಿಂಪಿಕ್ ಪದಕ ಗೆದ್ದವರು ಸರಿಯಾದ ಸಮಯ ನೋಡಿ ನುಗ್ಗಿದರೂ ಅದು ಒಂದು ಯತ್ನ. ಕಮಾರು ಉಸ್ಮಾನ್ ಅವರ ಉದಾಹರಣೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. 2022ರ ಆಗಸ್ಟ್‌ನಲ್ಲಿ ಲಿಯಾನ್ ಎಡ್ವರ್ಡ್ಸ್ ಕೈಯಲ್ಲಿ ಕೆಡವಲ್ಪಡುವವರೆಗೆ ಯುಎಫ್‌ಸಿಯಲ್ಲಿ ಉಸ್ಮಾನ್ ಅವರನ್ನು ಯಾರೂ ಟೇಕ್‌ಡೌನ್ ಮಾಡಿರಲಿಲ್ಲ, ಅಂದರೆ ತಡೆಯ ಅಂಕಿ ಪೂರ್ತಿ ನೂರಾಗಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ, ಅಬುಧಾಬಿಯ ಯುಎಫ್‌ಸಿ 294ರಲ್ಲಿ, ಅವರು ಖಮ್ಜಾತ್ ಚಿಮಾಯೆವ್ ಅವರನ್ನು ಎದುರಿಸಿದಾಗ ಆ ಅಂಕಿ ಇನ್ನೂ ಬಹಳ ಎತ್ತರದಲ್ಲೇ ಇತ್ತು. ಆದರೂ ಮೊದಲ ಸುತ್ತಿನಲ್ಲಿ ಉಸ್ಮಾನ್ ಅವರನ್ನು ಚಿಮಾಯೆವ್ ಬೇಗನೆ ಕೆಡವಿ, ಬೆನ್ನು ಹಿಡಿದು, ಸುತ್ತನ್ನು ಭಾರಿ ಅಂತರದಲ್ಲಿ ಗೆದ್ದವರಿಗೆ ಸಿಗುವ 10-8 ಅಂಕವನ್ನು ಮೂವರು ತೀರ್ಪುಗಾರರಿಂದಲೂ ಪಡೆದರು. ಉಸ್ಮಾನ್ ಕೆಲವೇ ದಿನಗಳ ಸೂಚನೆಯ ಮೇಲೆ ಬದಲಿ ಆಟಗಾರರಾಗಿ, ತಮಗೆ ರೂಢಿಯಿಲ್ಲದ ಹೆಚ್ಚಿನ ತೂಕದ ವಿಭಾಗದಲ್ಲಿ ಆಡಿದ್ದರು ಎಂಬ ಸಂಗತಿಗೆ ಹೋಲಿಕೆಯ ಪುಟದಲ್ಲಿ ಅಂಕಣವೇ ಇಲ್ಲ. ಅದೇ ಪಂದ್ಯದ ಮುಂದಿನ ಎರಡು ಸುತ್ತುಗಳಲ್ಲಿ ಉಸ್ಮಾನ್ ಚೇತರಿಸಿಕೊಂಡು, ಒಬ್ಬ ತೀರ್ಪುಗಾರರ ಲೆಕ್ಕದಲ್ಲಿ ಪಂದ್ಯವನ್ನು 28-28ಕ್ಕೆ ತಂದು ನಿಲ್ಲಿಸಿದರು. ಉಳಿದಿಬ್ಬರು 29-27 ಎಂದು ಕೊಟ್ಟಿದ್ದರಿಂದ ಚಿಮಾಯೆವ್ ಬಹುಮತದ ತೀರ್ಪಿನಲ್ಲಿ ಗೆದ್ದರು.

ಯಶಸ್ಸಿನ ಶೇಕಡಾವಾರಂತೂ ಇನ್ನೂ ಹೆಚ್ಚು ದಾರಿ ತಪ್ಪಿಸುವಂಥದ್ದು. ಯುಎಫ್‌ಸಿ ಇತಿಹಾಸದಲ್ಲಿ ಅತಿ ಹೆಚ್ಚು ಟೇಕ್‌ಡೌನ್ ಮಾಡಿದ ಮೆರಾಬ್ ದ್ವಾಲಿಶ್ವಿಲಿ ಅವರ ಯಶಸ್ಸಿನ ಪ್ರಮಾಣ ಅರ್ಧಕ್ಕಿಂತ ಕಡಿಮೆ. 2022ರಲ್ಲಿ ಜೋಸೆ ಆಲ್ಡೊ ವಿರುದ್ಧ ಅವರು 16 ಬಾರಿ ಯತ್ನಿಸಿ ಒಂದೂ ಟೇಕ್‌ಡೌನ್ ಪಡೆಯಲಿಲ್ಲ, ಆದರೆ ಪಂದ್ಯ ಗೆದ್ದರು. 2023ರ ಮಾರ್ಚ್‌ನಲ್ಲಿ ಪೀಟರ್ ಯಾನ್ ವಿರುದ್ಧ 49 ಬಾರಿ ಯತ್ನಿಸಿ 11 ಬಾರಿ ಸಫಲರಾದರು, ಆ ಪಂದ್ಯವನ್ನೂ ಗೆದ್ದರು. ಅಂಕಿಯನ್ನಷ್ಟೇ ನೋಡುವವರಿಗೆ ಇವು ಕಳಪೆ ಪ್ರದರ್ಶನಗಳಾಗಿ ಕಂಡಾವು. ವಾಸ್ತವದಲ್ಲಿ ಪ್ರತಿ ವಿಫಲ ಯತ್ನವೂ ಎದುರಾಳಿಯ ಬೆನ್ನನ್ನು ಬೇಲಿಗೆ ಒತ್ತುತ್ತದೆ, ಸೊಂಟ ಹಿಂದೆ ಸರಿಸಿ ಕಾಲು ಬಿಡಿಸಿಕೊಳ್ಳುವ ಶ್ರಮವನ್ನು ಮತ್ತೆ ಮತ್ತೆ ಹೇರುತ್ತದೆ, ಹೊಡೆಯಲು ಕೈ ಎತ್ತುವುದಕ್ಕೇ ಹಿಂಜರಿಯುವಂತೆ ಮಾಡುತ್ತದೆ. ಆದ್ದರಿಂದ ದ್ವಾಲಿಶ್ವಿಲಿಯವರಂತಹ ಆಟಗಾರರ ವಿಷಯದಲ್ಲಿ ಶೇಕಡಾವಾರನ್ನು ಬದಿಗಿಟ್ಟು ಯತ್ನಗಳ ಒಟ್ಟು ಸಂಖ್ಯೆಯನ್ನು ನೋಡುವುದು ಒಳ್ಳೆಯದು. ಆ ಸಂಖ್ಯೆ ಪ್ರತಿ ಪಂದ್ಯದ ಪುಟದಲ್ಲಿ ಸಿಗುತ್ತದೆ, ಆಟಗಾರರ ಮುಖ್ಯ ಪುಟದಲ್ಲಿ ಸಿಗುವುದಿಲ್ಲ.

ಇದೇ ಯತ್ನಗಳ ಸಂಖ್ಯೆ ಇನ್ನೊಬ್ಬರ ವಿಷಯದಲ್ಲಿ ವಿರುದ್ಧ ಅರ್ಥ ಕೊಡುತ್ತದೆ ಎಂಬುದನ್ನೂ ಹೇಳಬೇಕು. ನೆಲದ ಮೇಲಿನ ಪಟ್ಟುಗಳ ಕಲೆಯಾದ ಬ್ರೆಜಿಲಿಯನ್ ಜಿಯು-ಜಿತ್ಸುವಿನ ಶ್ರೇಷ್ಠರಲ್ಲೊಬ್ಬರಾದ ಡೆಮಿಯನ್ ಮಾಯಾ ಸತತ ಏಳು ಪಂದ್ಯ ಗೆದ್ದು 2017ರ ಜುಲೈನಲ್ಲಿ ಟೈರನ್ ವುಡ್ಲಿ ಅವರ ಪಟ್ಟಕ್ಕಾಗಿ ಸೆಣಸಿದರು. ಕಾಲೇಜು ಕುಸ್ತಿಯಲ್ಲಿ ಹೆಸರು ಮಾಡಿದ್ದ ವುಡ್ಲಿ, ಮಾಯಾ ಅವರ ಇಪ್ಪತ್ತಕ್ಕೂ ಹೆಚ್ಚು ಯತ್ನಗಳಲ್ಲಿ ಒಂದನ್ನೂ ಸಫಲವಾಗಗೊಡಲಿಲ್ಲ. ಅಲ್ಲಿ ದಣಿದದ್ದು ಯತ್ನಿಸಿದವರೇ. ಅನಂತರ ಕಾಲ್ಬಿ ಕೋವಿಂಗ್‌ಟನ್ ಮತ್ತು ಕಮಾರು ಉಸ್ಮಾನ್ ಕೂಡ ಮಾಯಾ ಅವರನ್ನು ಇದೇ ಮಾದರಿಯಲ್ಲಿ ಸೋಲಿಸಿದರು. ಮೂವರೂ ಕುಸ್ತಿಯ ಹಿನ್ನೆಲೆಯವರು. ಇಬ್ಬರು ಗ್ರ್ಯಾಪ್ಲರ್‌ಗಳ ಪಂದ್ಯವನ್ನು ಊಹಿಸುವವರು ನೆನಪಿಡಬೇಕಾದ ಮೊದಲ ಸಂಗತಿ ಇದೇ ಎಂದು ನನಗನ್ನಿಸುತ್ತದೆ: ನೆಲದ ಮೇಲೆ ಯಾರು ಮೇಲು ಎನ್ನುವುದಕ್ಕಿಂತ ಮುಂಚೆ, ಪಂದ್ಯ ನೆಲಕ್ಕೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವವರು ಯಾರು ಎಂಬುದನ್ನು ಕೇಳಬೇಕು. ಆ ತೀರ್ಮಾನದ ಹಕ್ಕು ಸಾಮಾನ್ಯವಾಗಿ ಕುಸ್ತಿಪಟುವಿನದು, ಸಬ್‌ಮಿಷನ್ ಪರಿಣತರದ್ದಲ್ಲ. ಯುಎಫ್‌ಸಿ ಸ್ಟಾಟ್ಸ್ ಈ ಎರಡು ಬಗೆಯ ಗ್ರ್ಯಾಪ್ಲರ್‌ಗಳನ್ನು ಬೇರ್ಪಡಿಸುವುದಿಲ್ಲ. ಆದರೆ ಸಬ್‌ಮಿಷನ್ ಯತ್ನದ ಸರಾಸರಿ ಎತ್ತರವಾಗಿದ್ದು ಟೇಕ್‌ಡೌನ್ ಯಶಸ್ಸು ತಗ್ಗಿನಲ್ಲಿದ್ದರೆ ಆಟಗಾರರು ಯಾವ ಬಗೆಯವರೆಂದು ಓದುಗರು ತಾವೇ ಗುರುತಿಸಿಕೊಳ್ಳಬಹುದು.

ಕುಸ್ತಿಪಟುಗಳಿಬ್ಬರೂ ಸಮಬಲರಾದಾಗ ಏನಾಗುತ್ತದೆ ಎಂಬುದಕ್ಕೆ 2019ರ ಡಿಸೆಂಬರ್‌ನ ಉಸ್ಮಾನ್–ಕೋವಿಂಗ್‌ಟನ್ ಪಂದ್ಯಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಎಡೆಬಿಡದೆ ಒತ್ತಡ ಹೇರುವ ಕುಸ್ತಿಗೆ ಹೆಸರಾದ ಈ ಇಬ್ಬರು ಐದನೇ ಸುತ್ತಿನವರೆಗೆ ಕಾದಾಡಿದರೂ ಆ ಪಂದ್ಯದ ಟೇಕ್‌ಡೌನ್ ಅಂಕಣದಲ್ಲಿ ಇಬ್ಬರ ಎದುರಿಗೂ ಸೊನ್ನೆಯಿದೆ, ಯತ್ನಗಳೂ ಸೊನ್ನೆ. ಇಡೀ ಪಂದ್ಯ ನಿಂತೇ ನಡೆದು, ಉಸ್ಮಾನ್ ಗುದ್ದುಗಳಿಂದ ಐದನೇ ಸುತ್ತಿನಲ್ಲಿ ಗೆದ್ದರು. ಅಂದು ಹೋಲಿಕೆಯ ಪುಟದ ಟೇಕ್‌ಡೌನ್ ಸಾಲುಗಳನ್ನೇ ತೂಗಿ ನೋಡುತ್ತಾ ಕುಳಿತವರಿಗೆ ನಡೆದ ಪಂದ್ಯದ ಒಂದು ಸುಳಿವೂ ಸಿಗುತ್ತಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಇಸ್ಲಾಂ ಮಖಚೆವ್ ಮತ್ತು ಚಾರ್ಲ್ಸ್ ಒಲಿವೇರಾ ಎದುರಾದಾಗಲೂ ಚರ್ಚೆಯೆಲ್ಲ ಮಖಚೆವ್ ಅವರ ಸ್ಯಾಂಬೊ (ರಷ್ಯಾದ ಕುಸ್ತಿ ಪ್ರಕಾರ) ಹೆಚ್ಚೋ ಒಲಿವೇರಾ ಅವರ ಜಿಯು-ಜಿತ್ಸು ಹೆಚ್ಚೋ ಎಂಬುದರ ಸುತ್ತ ನಡೆದಿತ್ತು. ಪಂದ್ಯವನ್ನು ಮುಗಿಸಿದ್ದು ಕತ್ತು ಹಿಸುಕುವ ಆರ್ಮ್ ಟ್ರಯಾಂಗಲ್ ಪಟ್ಟೇ ಆದರೂ, ಆ ಪಟ್ಟಿಗೆ ದಾರಿ ಮಾಡಿಕೊಟ್ಟದ್ದು ಎರಡನೇ ಸುತ್ತಿನಲ್ಲಿ ಒಲಿವೇರಾ ಅವರನ್ನು ಕೆಳಗುರುಳಿಸಿದ ಮಖಚೆವ್ ಅವರ ಬಲಗೈ ಹೊಡೆತ.

ಈ ಕಾರಣದಿಂದ ಈ ಸೇವೆಯಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಮೇಲ್ನೋಟಕ್ಕೆ ಗ್ರ್ಯಾಪ್ಲಿಂಗ್‌ಗೆ ಸಂಬಂಧವೇ ಇಲ್ಲದ ಒಂದು ಕೋಷ್ಟಕ. ಪ್ರತಿ ಪಂದ್ಯದ ಪುಟದ ಕೆಳಭಾಗದಲ್ಲಿ, ಗಣನೀಯ ಹೊಡೆತಗಳು ಬಿದ್ದ ಜಾಗ ತಲೆಯೋ ದೇಹವೋ ಕಾಲೋ ಎಂಬುದರ ಜೊತೆಗೆ, ಅವುಗಳನ್ನು ದೂರದಿಂದ ಹೊಡೆದದ್ದೋ, ಅಪ್ಪಿಹಿಡಿದ ಸ್ಥಿತಿಯಲ್ಲೋ, ನೆಲದ ಮೇಲೋ ಎಂದು ಬಿಡಿಸಿ ಕೊಟ್ಟಿರುತ್ತಾರೆ. ಗ್ರ್ಯಾಪ್ಲರ್ ಒಬ್ಬರ ಹೊಡೆತಗಳೆಲ್ಲ ನೆಲದ ಮೇಲೆಯೇ ದಾಖಲಾಗಿದ್ದರೆ, ತಮ್ಮನ್ನು ಕೆಡವಲು ಬಿಡದ ಎದುರಾಳಿಯ ಮುಂದೆ ಅವರು ಬರಿಗೈಯಾಗುವ ಸಂಭವ ಹೆಚ್ಚು. ದೂರದಿಂದಲೂ ಸಾಕಷ್ಟು ಹೊಡೆತಗಳಿದ್ದರೆ ಅವರಿಗೆ ಎರಡನೆಯ ದಾರಿಯೊಂದಿದೆ ಎಂದರ್ಥ. ವಿಷಾದದ ಸಂಗತಿಯೆಂದರೆ ಈ ವಿಭಜನೆ ಬಿಡಿ ಪಂದ್ಯಗಳ ಪುಟಗಳಿಗಷ್ಟೇ ಸೀಮಿತ. ಇಡೀ ವೃತ್ತಿಜೀವನದ ಚಿತ್ರ ಬೇಕೆಂದರೆ ಒಂದೊಂದೇ ಪಂದ್ಯ ತೆರೆದು ಕೈಯಾರೆ ಕೂಡಿಕೊಳ್ಳಬೇಕು.

ಸುತ್ತುವಾರು ವಿವರವೂ ಅಷ್ಟೇ ಬೆಲೆಯುಳ್ಳದ್ದು. ಹಿಡಿತದ ಆಟ ದೇಹವನ್ನು ಹಿಂಡುವಷ್ಟು ಹೊಡೆತದ ಆಟ ಹಿಂಡುವುದಿಲ್ಲ. ಬಿಗಿಹಿಡಿದ ತೋಳುಗಳು ಸೋಲತೊಡಗಿದ ಮೇಲೆ ಎಂತಹ ತಂತ್ರವೂ ನಿಧಾನವಾಗುತ್ತದೆ. 2025ರ ಜನವರಿಯಲ್ಲಿ, ಅಲ್ಲಿಯವರೆಗೆ 18 ಪಂದ್ಯಗಳಲ್ಲಿ ಸೋಲನ್ನೇ ಕಾಣದ ಉಮರ್ ನುರ್ಮಗೊಮೆದೊವ್, ದ್ವಾಲಿಶ್ವಿಲಿ ಅವರ ಪಟ್ಟಕ್ಕೆ ಸವಾಲೊಡ್ಡಿದಾಗ ಬಾಜಿ ಕಟ್ಟುವವರ ಒಲವು ಸವಾಲುಗಾರರ ಕಡೆಗೇ ಇತ್ತು. ಆರಂಭದ ಸುತ್ತುಗಳಲ್ಲಿ ಆ ಒಲವು ಸರಿಯೆನಿಸಿದರೂ, ಪಂದ್ಯ ಮುಂದುವರಿದಂತೆ ದ್ವಾಲಿಶ್ವಿಲಿಯವರ ಒತ್ತಡ ಹೆಚ್ಚುತ್ತಾ ಹೋಗಿ 48-47, 48-47, 49-46ರ ಸರ್ವಾನುಮತದ ತೀರ್ಪು ಅವರ ಪಾಲಾಯಿತು. ಆದ್ದರಿಂದ ಪಂದ್ಯ ಮೂರು ಸುತ್ತಿನದೋ ಐದು ಸುತ್ತಿನದೋ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಇಬ್ಬರ ಹಳೆಯ ಪಂದ್ಯಗಳ ಕೊನೆಯ ಸುತ್ತುಗಳಲ್ಲಿ ಟೇಕ್‌ಡೌನ್ ಯತ್ನಗಳು ಇಳಿದಿವೆಯೇ ಏರಿವೆಯೇ ಎಂದು ನೋಡಬೇಕು. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಈ ಸೇವೆಯಲ್ಲಿ ಅಚ್ಚುಕಟ್ಟಾಗಿ ಸಿಗುತ್ತದೆ.

ನಿಯಂತ್ರಣದ ಅವಧಿ ಎಂಬ ಅಂಕಣದ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ನೆಲದ ಮೇಲೆ ಅಥವಾ ಅಪ್ಪಿಹಿಡಿದ ಸ್ಥಿತಿಯಲ್ಲಿ ಮೇಲುಗೈ ಇದ್ದ ಸಮಯವನ್ನು ಅದು ಅಳೆಯುತ್ತದೆ. ಕೆಳಗೆ ಮಲಗಿಯೇ ಕಾಲುಗಳ ನಡುವೆ ಎದುರಾಳಿಯನ್ನು ಸಿಕ್ಕಿಸಿ, ತೋಳಿಗೋ ಕತ್ತಿಗೋ ಮೇಲಿಂದ ಮೇಲೆ ಪಟ್ಟು ಹಾಕುತ್ತಿರುವವರಿಗೆ ಅದರಲ್ಲಿ ಒಂದು ಸೆಕೆಂಡೂ ದಕ್ಕುವುದಿಲ್ಲ. ಸುಮ್ಮನೆ ಮೇಲೆ ಒರಗಿಕೊಂಡವರಿಗೆ ನಿಮಿಷಗಟ್ಟಲೆ ದಕ್ಕುತ್ತದೆ. ತೀರ್ಪುಗಾರರು ಅನುಸರಿಸುವ ಏಕರೂಪ ನಿಯಮಗಳಾದರೋ ಪರಿಣಾಮಕಾರಿ ಹೊಡೆತ ಮತ್ತು ಪರಿಣಾಮಕಾರಿ ಹಿಡಿತಕ್ಕೆ ಮೊದಲ ಸ್ಥಾನ ನೀಡುತ್ತವೆ. ಅದರಲ್ಲಿ ಇಬ್ಬರೂ ಸಮವೆನಿಸಿದರೆ ಮಾತ್ರ ಆಕ್ರಮಣಶೀಲತೆಯನ್ನೂ, ಅದೂ ಸಮವಾದರೆ ಅಖಾಡದ ಮೇಲಿನ ಹತೋಟಿಯನ್ನೂ ಪರಿಗಣಿಸುತ್ತವೆ. 2017ರಿಂದ ಜಾರಿಗೆ ಬಂದ ಪರಿಷ್ಕೃತ ಮಾನದಂಡಗಳ ಪ್ರಕಾರ, ಟೇಕ್‌ಡೌನ್ ಆದ ಮೇಲೆ ಅದರಿಂದ ದಾಳಿಯೊಂದು ಹುಟ್ಟಿತೇ ಎಂಬುದು ಮುಖ್ಯ. ಆದರೂ ಅಪ್ಪಿಹಿಡಿದ ಸ್ಥಿತಿಯಲ್ಲೇ ಬಹುಪಾಲು ಕಳೆಯುವ, ಹೊಡೆತಗಳೇ ವಿರಳವಾದ ಸುತ್ತಿನಲ್ಲಿ ತೀರ್ಪುಗಾರರು ಮೇಲಿದ್ದವರ ಕಡೆಗೆ ವಾಲುವುದನ್ನು ನೋಡುತ್ತಲೇ ಇರುತ್ತೇವೆ. ಈ ಅಂಕಣದಿಂದ ಅಂತಹ ಸುತ್ತುಗಳನ್ನು ಗುರುತಿಸಬಹುದೇ ಹೊರತು ಗೆಲುವನ್ನು ಅಳೆಯಲಾಗದು. ಅದರ ಪಕ್ಕದಲ್ಲೇ ಯಾರೂ ಗಮನಿಸದೆ ಉಳಿಯುವ, ಕೆಳಗಿದ್ದವರು ತಿರುಗಿಸಿ ಮೇಲೆ ಬಂದ ಸಂದರ್ಭಗಳನ್ನು ಎಣಿಸುವ ಪುಟ್ಟ ಅಂಕಣವೊಂದಿದೆ. ಇಬ್ಬರು ಗ್ರ್ಯಾಪ್ಲರ್‌ಗಳ ನಡುವೆ ನನ್ನ ಮಟ್ಟಿಗೆ ಅದಕ್ಕೇ ಹೆಚ್ಚು ತೂಕ.

ಸರಾಸರಿಗಳ ಇನ್ನೊಂದು ದೋಷ ಹೊಸಬರ ವಿಷಯದಲ್ಲಿ ಎದ್ದು ಕಾಣುತ್ತದೆ. ಎರಡು ಬಾರಿ ಅಮೆರಿಕದ ಕಾಲೇಜು ಕುಸ್ತಿಯ ಚಾಂಪಿಯನ್ ಆಗಿ, 2008ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ, ಬೇರೆ ಸಂಸ್ಥೆಗಳ ಪಟ್ಟಗಳನ್ನು ಗೆದ್ದಿದ್ದ ಬೆನ್ ಆಸ್ಕ್ರೆನ್ 2019ರ ಅಕ್ಟೋಬರ್‌ನಲ್ಲಿ ಸಿಂಗಪುರದಲ್ಲಿ ಡೆಮಿಯನ್ ಮಾಯಾ ಅವರನ್ನು ಎದುರಿಸುವ ಹೊತ್ತಿಗೆ ಯುಎಫ್‌ಸಿಯಲ್ಲಿ ಆಡಿದ್ದು ಎರಡೇ ಪಂದ್ಯ. ಒಂದು 3 ನಿಮಿಷ 20 ಸೆಕೆಂಡಿನಲ್ಲಿ ಮುಗಿದಿತ್ತು, ಇನ್ನೊಂದು ಹೋರ್ಹೆ ಮಾಸ್ವಿಡಾಲ್ ಅವರ ಹಾರುಮೊಣಕಾಲಿನ ಏಟಿಗೆ 5 ಸೆಕೆಂಡಿನಲ್ಲಿ. ನಾಲ್ಕು ನಿಮಿಷವೂ ತುಂಬದ ಆಟವನ್ನು 15 ನಿಮಿಷದ ಸರಾಸರಿಗೆ ಹಿಗ್ಗಿಸಿದರೆ ಒಂದೇ ಒಂದು ಟೇಕ್‌ಡೌನ್ ನಾಲ್ಕಕ್ಕಿಂತ ಹೆಚ್ಚಾಗಿ ತೋರುತ್ತದೆ; ಒಂದು ಚಮಚ ಸಾರು ರುಚಿ ನೋಡಿ ಇಡೀ ಊಟದ ಬಗ್ಗೆ ತೀರ್ಪು ಕೊಟ್ಟಂತೆ. ಆ ಪಂದ್ಯದಲ್ಲಿ ಇಬ್ಬರೂ ಬಹಳ ಹೊತ್ತು ನಿಂತೇ ಗುದ್ದಾಡಿ, ಮೂರನೇ ಸುತ್ತಿನಲ್ಲಿ ಆಟ ನೆಲಕ್ಕಿಳಿದಾಗ ಮಾಯಾ ಬೆನ್ನು ಹಿಡಿದು, ಹಿಂದಿನಿಂದ ಕತ್ತು ಹಿಸುಕುವ ರಿಯರ್ ನೇಕೆಡ್ ಚೋಕ್‌ನಿಂದ ಗೆದ್ದರು. ಸರಾಸರಿಯ ಕೆಳಗೆ ಒಟ್ಟು ಎಷ್ಟು ನಿಮಿಷದ ಆಟ ಇದರಲ್ಲಿ ಅಡಗಿದೆ ಎಂಬುದನ್ನು ಸಣ್ಣ ಅಕ್ಷರದಲ್ಲಾದರೂ ನಮೂದಿಸಿದ್ದರೆ ಓದುಗರು ತಾವೇ ಎಚ್ಚರ ವಹಿಸುತ್ತಿದ್ದರು.

ಈ ಸೇವೆ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ ಎಂಬುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಇಂತಿಷ್ಟು ಶೇಕಡಾ ಗೆಲುವು ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಊಹೆ ಮಾಡುವವರು ತಮ್ಮ ಊಹೆಗಳನ್ನು ಸಂಭವನೀಯತೆಯ ರೂಪದಲ್ಲಿ ಬರೆದಿಟ್ಟು, ಫಲಿತಾಂಶದೊಂದಿಗಿನ ಅಂತರದ ವರ್ಗಗಳ ಸರಾಸರಿ ತೆಗೆದು ನೋಡುವ ಬ್ರಯರ್ ಅಂಕವೆಂಬ ಹಳೆಯ ವಿಧಾನವನ್ನು ಬಳಸಬಹುದು. ಪ್ರತಿ ಪಂದ್ಯಕ್ಕೂ ಕಣ್ಣು ಮುಚ್ಚಿ 50-50 ಎಂದವರಿಗೆ ಸಿಗುವುದು 0.25, ಅದಕ್ಕಿಂತ ಕಡಿಮೆ ಬಂದರಷ್ಟೇ ಅಂಕಿಗಳನ್ನು ಓದಿದ ಶ್ರಮಕ್ಕೆ ಫಲ ಸಿಕ್ಕಂತೆ. ಗ್ರ್ಯಾಪ್ಲರ್‌ಗಳಿಬ್ಬರ ಪಂದ್ಯಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಕೊಳ್ಳುವುದು ಮೇಲು, ಏಕೆಂದರೆ ಹೊಡೆತಗಾರರ ವಿರುದ್ಧದ ಸುಲಭ ಊಹೆಗಳು ಇಲ್ಲಿನ ತಪ್ಪುಗಳನ್ನು ಮುಚ್ಚಿಬಿಡುತ್ತವೆ.

ಉಚಿತವಾಗಿ, ಸುತ್ತುವಾರು, ಇಷ್ಟು ವರ್ಷಗಳ ದಾಖಲೆ ಒಂದೇ ಕಡೆ ಸಿಗುವುದರಿಂದ ಐದರಲ್ಲಿ ನಾಲ್ಕು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ಆದರೆ ಹೋಲಿಕೆಯ ಪುಟವೊಂದನ್ನೇ ತೂಗುವುದಾದರೆ ಎರಡಕ್ಕಿಂತ ಹೆಚ್ಚು ಕೊಡಲಾರೆ. ಕುಸ್ತಿ ಬಲ್ಲ ಎದುರಾಳಿಗಳ ವಿರುದ್ಧದ ಅಂಕಿಗಳನ್ನಷ್ಟೇ ಜರಡಿ ಹಿಡಿದು ತೋರಿಸುವ ಅನುಕೂಲ, ಕೆಡವಲ್ಪಟ್ಟವರು ಮತ್ತೆ ಎದ್ದು ನಿಲ್ಲಲು ತೆಗೆದುಕೊಂಡ ಸಮಯದ ದಾಖಲೆ, ಇವೆರಡನ್ನು ಸೇರಿಸಿದರೆ ಆ ಪುಟಕ್ಕೂ ನಾಲ್ಕು ಅಂಕ ಸಲ್ಲುತ್ತದೆ. ಅಲ್ಲಿಯವರೆಗೆ ಆ ಪುಟವನ್ನು ದಾಟಿ ನೇರವಾಗಿ ಆಟಗಾರರ ಹಿಂದಿನ ಪಂದ್ಯಗಳ ಒಳಪುಟಗಳಿಗೆ ಹೋಗುವಂತೆ, ಅದರಲ್ಲೂ ಅವರು ಸೋತ ಪಂದ್ಯಗಳನ್ನು ಮೊದಲು ತೆರೆಯುವಂತೆ ಸಲಹೆ ನೀಡುತ್ತೇನೆ.